ಟಾಯ್ ಸ್ಟೋರಿ ಹಂದಿಗಿ ಧ್ವನಿ ಕೊಟ್ಟ ಜಾನ್ ರಾಟ್ಜೆನ್‌ಬರ್ಗರ್ ಬಗ್ಗೆ ಗೊತ್ತಿದ್ದೋರು ಹೇಳ್ರಿ, ನಂಗೂ ವಾಯ್ಸ್ ಫೀಲ್ಡಿಗಿ ಹೋಗ್ಬೇಕಾಗ್ಯಾದ

ಜೇವರ್ಗಿ ಹುಡುಗ:
ಎಲ್ಲರಿಗೂ ನಮಸ್ಕಾರ್ರಿ. ನಾ ಜೇವರ್ಗಿ ಕಡಿಯವ, ಕಲಬುರಗ್ಯಾಗ ಸೂಪರ್ ಮಾರ್ಕೆಟ್ ಹತ್ರ ಮೊಬೈಲ್ ಅಂಗಡ್ಯಾಗ ಕೆಲಸ ಮಾಡ್ಲತ್ತೀನಿ, ಸಂಜಿಗಿ ಗೆಳೆಯರ ಜೋಡಿ ನಾಟಕ, ಮತ್ತ ಆಟೋಕ್ಕ ಮೈಕ್ ಕಟ್ಟಿ ಓಣಿ ಓಣಿ ತಿರುಗ್ತಾರಲ್ಲ ಆ ಪ್ರಚಾರದ ಮಾತು ರೆಕಾರ್ಡ್ ಮಾಡಿ ಕೊಡ್ತೀನಿ. ಹೋದ ತಿಂಗಳ ಬೆಂಗಳೂರಿಗಿ ಒಂದು ಡಬ್ಬಿಂಗ್ ಸ್ಟುಡಿಯೋಕ್ಕ ಆಡಿಷನ್ ಕೊಡ್ಲಾಕ ಹೋಗಿದ್ದೆ. ವಾಯ್ಸ್ ಚೆನ್ನಾಗಿದೆ ಆದ್ರೆ ನಿಮ್ಮ ಕಡೆ ಟೋನ್ ಬಿಡ್ತಾ ಇಲ್ಲ, ಸರಿ ಮಾಡ್ಕೊಂಡು ಬನ್ನಿ ಅಂದ್ರು, ನಾಕು ನಿಮಿಷನೂ ಆಗಿರಲಿಲ್ಲ. ವಾಪಸ್ ಬರೂತನಾ ಬಸ್ಸಿನ್ಯಾಗ ಯಾರ ಜೋಡಿನೂ ಮಾತಾಡಿಲ್ಲ ನಾ.

ಮೊನ್ನೆ ಅಕ್ಕನ ಮಗನ ಜೋಡಿ ಕುಂತು ಟಾಯ್ ಸ್ಟೋರಿ ನೋಡ್ಲತ್ತಿದ್ದೆ, ಅದರಾಗ ಹ್ಯಾಮ್ ಅಂತ ರೊಕ್ಕ ಹಾಕೋ ಹಂದಿ ಗೊಂಬಿ ಅದಲ್ಲ, ಅದರ ದನಿ ಮತ್ತ ಕಾರ್ಸ್ ಫಿಲ್ಮಿನ ಮ್ಯಾಕ್ ಅನ್ನೋ ಲಾರಿ ದನಿ ಒಂದೇ ಅನಿಸ್ತು, ಹುಡುಕಿದ್ರ ಖರೇನೇ ಒಬ್ಬನೇ ಮನಷ್ಯ. ಮೊದಲ ಟಿವಿ ಕಾಮಿಡಿ ಸೀರಿಯಲ್‌ದಾಗ ಇದ್ದವನಂತ. ಅಲ್ಲಿಂದ ಧ್ವನಿ ಕೆಲಸಕ್ಕ ಹೆಂಗ ಬಂದ? ದನಿ ಬದಲಿ ಮಾಡದೇ ಇಷ್ಟು ವರ್ಷ ಹೆಂಗ ನಡೀತು ಅವಂದು? ತಿಳಿದವರು ಜರಾ ಬಿಡಿಸಿ ಹೇಳ್ರಿ.

ಶಹಾಬಾದ್ ಕಾಕಾ:
ತಮ್ಮಾ, ಆ ಸೀರಿಯಲ್ ಹೆಸರು ಚಿಯರ್ಸ್, ಒಂದು ಬಾರಿನ್ಯಾಗ ನಡೆಯೋ ಕಥಿ. ನಾ ಸೌದಿದಾಗ ಇದ್ದಾಗ ರೂಮಿನವರು ಕ್ಯಾಸೆಟ್ ತರ್ತಿದ್ರು, ಡ್ಯೂಟಿ ಮುಗಿಸಿ ಬಂದು ಎಲ್ಲರೂ ಕುಂತು ನೋಡ್ತಿದ್ದೆವು, ಅರ್ಧ ಇಂಗ್ಲಿಷ್ ತಿಳೀತಿರಲಿಲ್ಲ ಆದ್ರೂ ಇವ ಬಂದ್ರ ನಗಿ ಬರ್ತಿತ್ತು.

ಅವ ದೊಡ್ಡ ಮನೆತನದವ ಅಲ್ಲ. 1947ರಾಗ ಅಮೆರಿಕಾದ ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟಿನ್ಯಾಗ ಹುಟ್ಟಿದವ, ನಮ್ಮ ಶಹಾಬಾದ್ ಹೆಂಗೋ ಹಂಗ ಅದೂ ಫ್ಯಾಕ್ಟರಿ ಊರು. ತಂದಿ ಟ್ರಕ್ ಡ್ರೈವರ್. ಇವ ಬಡಗಿ ಕೆಲಸ ಮಾಡ್ಯಾನ, 1969ರಾಗ ವುಡ್‌ಸ್ಟಾಕ್ ಅಂತ ದೊಡ್ಡ ಸಂಗೀತ ಜಾತ್ರಿ ಆಯ್ತಲ್ಲ ಅಲ್ಲಿ ಟ್ರ್ಯಾಕ್ಟರ್ ಓಡಿಸ್ಯಾನ. ಆಮ್ಯಾಲ ಇಂಗ್ಲೆಂಡಿಗಿ ಹೋಗಿ ರೇ ಹ್ಯಾಸೆಟ್ ಅನ್ನೋ ಗೆಳೆಯನ ಜೋಡಿ ಇಬ್ಬರದೇ ಒಂದು ಕಾಮಿಡಿ ತಂಡ ಕಟ್ಟಿ ಊರೂರು ತಿರುಗಿದ್ರು. ಬರೆದ ಸ್ಕ್ರಿಪ್ಟ್ ಮ್ಯಾಲ ಕುಂದ್ರದೇ ಸ್ಟೇಜಿನ ಮ್ಯಾಲೇ ಮಾತು ಹುಟ್ಟಿಸೋ ರೂಢಿ ಅಲ್ಲೇ ಬಿತ್ತು ಅಂತ ನಂಗ ಅನಿಸ್ತದ. ಹತ್ತು ವರ್ಷ ಅಲ್ಲೇ ಇದ್ದು ಸಣ್ಣ ಸಣ್ಣ ಪಾತ್ರ ಮಾಡ್ಯಾನ, ಸೂಪರ್‌ಮ್ಯಾನ್‌ದಾಗ ಇದ್ದಾನ, 1980ರ ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್‌ದಾಗ ಇದ್ದಾನ, ಆದ್ರ ನೋಡಿದವರಿಗಿ ನೆನಪಿರೋದಿಲ್ಲ.

ಈಗ ನಿನಗ ಬೇಕಾದ ಮಾತು ಕೇಳು. ಚಿಯರ್ಸ್ ಆಡಿಷನ್‌ಕ್ಕ ಹೋದಾಗ ಅವ ಮುಂದ ತಾನು ಮಾಡಿದ ಕ್ಲಿಫ್ ಪಾತ್ರಕ್ಕ ಹೋಗಿರಲೇ ಇಲ್ಲ, ಅದೇ ಬಾರಿನ ಇನ್ನೊಬ್ಬ ಗಿರಾಕಿ, ಮುಂದ ನಾರ್ಮ್ ಅಂತ ಆಯ್ತಲ್ಲ ಆ ಪಾತ್ರಕ್ಕ ಓದಿದ್ದ. ಓದಿದ್ದು ಸರಿ ಹೋಗಿಲ್ಲ ಅಂತ ಅವನಿಗೇ ಗೊತ್ತಾಯ್ತು. ಬಾಗಿಲ ತನಾ ಹೋದವ ತಿರುಗಿ ನಿಂತು, ಬಾರ್ ಅಂದ ಮ್ಯಾಲ ಎಲ್ಲಾ ನನಗೇ ಗೊತ್ತು ಅನ್ನೋ ಒಬ್ಬ ಇರ್ತಾನ, ನಿಮ್ಮ ಕಥಿದಾಗ ಅಂಥವ ಇದ್ದಾನೇನು ಅಂತ ಕೇಳ್ದ, ಕೇಳಿ ಅಲ್ಲೇ ನಿಂತು ಮಾಡಿ ತೋರಿಸ್ದ. ಅವರ ಹತ್ರ ಅಂಥ ಪಾತ್ರ ಇರಲಿಲ್ಲ, ಇವನ ಸಲುವಾಗಿ ಹುಟ್ಟಿಸಿದ್ರು. ಅಂಚಿ ಹಂಚೋ ಕ್ಲಿಫ್ ಕ್ಲಾವಿನ್ ಬಂದಿದ್ದು ಹಿಂಗ. 1982ರಿಂದ 1993ರ ತನಾ 11 ಸೀಸನ್ ನಡೀತು, ಎರಡು ಸಲ ಎಮ್ಮಿ ಅನ್ನೋ ಅಮೆರಿಕಾದ ಟಿವಿ ಪ್ರಶಸ್ತಿಗಿ ಇವನ ನಾಮಿನೇಷನ್ ಆಯ್ತು. ಮತ್ತೊಂದು, ಬಾರ್ ಇರೋದು ಬಾಸ್ಟನ್‌ದಾಗ, ಕಾಯಂ ಕುಂದ್ರೋ ಮಂದಿಯೊಳಗ ಬಾಸ್ಟನ್ ಕಡಿ ಟೋನ್ ಸರಿಯಾಗಿ ಕೇಳಿಸೋದು ಇವನ ಬಾಯಾಗೇ. ನಿನ್ನ ಟೋನ್ ತಪ್ಪು ಅಂದವರ ಮಾತು ಕೇಳಿ ನಂಗ ಸಂಕಟ ಆಯ್ತು ತಮ್ಮಾ.

ಬೀದರ್ ಕೋಟಿ ಹುಡುಗಿ:
ನಾನು ಹೈದರಾಬಾದಿನ್ಯಾಗ ಆರು ವರ್ಷದಿಂದ ಡಬ್ಬಿಂಗ್ ಮಾಡ್ಲತ್ತೀನಿ, ಅದಕ್ಕ ಒಂದು ಫರಕ್ ಹೇಳ್ತೀನಿ. ರಾಟ್ಜೆನ್‌ಬರ್ಗರ್ ಮಾಡಿದ್ದು ಒರಿಜಿನಲ್ ವಾಯ್ಸ್. ಅನಿಮೇಷನ್‌ದಾಗ ಮೊದಲ ಧ್ವನಿ ರೆಕಾರ್ಡ್ ಆಗ್ತದ, ಆಮ್ಯಾಲ ಅದಕ್ಕ ತಕ್ಕಂಗ ಬಾಯಿ ಆಡಿಸ್ತಾರ. ಹಂಗಾಗಿ ಅವ ತನ್ನ ಸ್ವಂತ ದನಿಲೇ, ತನ್ನ ಸ್ವಂತ ಓಟದಾಗ ಮಾತಾಡಬಹುದಿತ್ತು. 1995ರ ಟಾಯ್ ಸ್ಟೋರಿಯಿಂದ 2020ರ ಆನ್‌ವರ್ಡ್ ತನಾ ಈ ಫಿಲ್ಮ್ ಮಾಡೋ ಪಿಕ್ಸಾರ್ ಕಂಪನಿದು ಒಂದು ಫಿಲ್ಮೂ ಬಿಟ್ಟಿಲ್ಲ ಅವ. ಅವರದೇ ಕೋಕೋ ಫಿಲ್ಮಿನ್ಯಾಗ ಅಂತೂ ಒಂದೇ ಒಂದು ಶಬ್ದ. ಕಾರ್ಸ್ ಕೊನಿಗಿ ಹೆಸರು ಬರೋವಾಗ ನೋಡ್ರಿ, ಮ್ಯಾಕ್ ಲಾರಿ ಕುಂತು ಹಳೇ ಫಿಲ್ಮ್‌ಗಳನ್ನ ನೋಡಿ ಎಲ್ಲಾ ಕಡಿ ಅದೇ ನಟನ್ನ ಹಾಕ್ಯಾರ ಅಂತ ಗುರ್ತಿಸ್ತದ.

ನೀವು ಹೋಗಿದ್ದು ಡಬ್ಬಿಂಗಿಗಿ, ಇಲ್ಲಿ ಬಾಯಿ ಮೊದಲೇ ಆಡಿ ಮುಗದಿರ್ತದ. ಪ ಬ ಮ ಬಂದಲ್ಲಿ ತುಟಿ ಮುಚ್ಚಬೇಕು, ಸ್ಕ್ರೀನ್ ಮ್ಯಾಲ ತುಟಿ ಮುಚ್ಚಿದಾಗ ನಿಮ್ಮ ಬಾಯಾಗ ಆ ಅಕ್ಷರನೇ ಬರಬೇಕು. ಅದೂ ಅಲ್ಲದೇ ನಮ್ಮ ಕನ್ನಡದಾಗ ಕ್ರಿಯಾಪದ ಕೊನಿಗಿ ಬರ್ತದ, ಬಾಯಿ ತೆರೆದೇ ಮುಗೀತದ, ಇಂಗ್ಲಿಷಿನವ ಬಾಯಿ ಮುಚ್ಚಿ ಎರಡು ಸೆಕೆಂಡ್ ಆಗಿರ್ತದ ನಮ್ಮದು ಇನ್ನಾ ಇದ್ದೀನಿ ಇದ್ದೀನಿ ಅಂತ ನಡದಿರ್ತದ. ಇಲ್ಲಿ ಒಂದು ಮಾತು ನಾ ಅನುಭವದಿಂದ ಹೇಳ್ತೀನಿ, ಮಾಡ್ತಾ ಇದ್ದೀನಿ ಅನ್ನೋಕಿಂತ ಮಾಡ್ಲತ್ತೀನಿ ಗಿಡ್ಡ ಅದ, ನಮ್ಮ ಮಾತಿನ ಗಾತ್ರ ತುಟಿಗಿ ಬರೋಬ್ಬರಿ ಕುಂದ್ರತದ. ಆದ್ರ ಬೆಂಗಳೂರು ಮಾತು, ಪುಸ್ತಕದ ಮಾತು, ನಮ್ಮ ಮಾತು ಮೂರೂ ಬೇಕಾದಾಗ ಬದಲಿ ಮಾಡೋಕೆ ಬರಬೇಕು. ದಿನಾ ಮುಂಜಾನಿ ಪೇಪರಿನ ಒಂದು ಸುದ್ದಿ ಮೂರೂ ಥರ ಓದಿ ಫೋನಿನ್ಯಾಗ ರೆಕಾರ್ಡ್ ಮಾಡ್ಕೊಂಡು ಕೇಳ್ರಿ. ಮನಿ, ಮನೆ ಎರಡೂ ಬಾಯಾಗ ಇರಲಿ, ಮನಿ ಅನ್ನೋದನ್ನ ಕಳಕೋಬ್ಯಾಡ್ರಿ. 2015ರಾಗ ಡಬ್ಬಿಂಗ್ ತಡೀಬಾರದು ಅಂತ ಕಾಂಪಿಟಿಷನ್ ಕಮಿಷನ್ (ವ್ಯಾಪಾರದಾಗ ಪೈಪೋಟಿ ತಡೆಯೋರನ್ನ ವಿಚಾರಿಸೋ ಸರ್ಕಾರಿ ಆಯೋಗ) ಆರ್ಡರ್ ಬಂದ ಮ್ಯಾಲೇ ಕನ್ನಡಕ್ಕ ಡಬ್ಬಿಂಗ್ ಫಿಲ್ಮ್ ಬರೋ ದಾರಿ ತೆರೀತು, ಕೆಲಸ ಈಗ ಅದ.

ಸುರಪುರದವ:
ಇನ್ನೊಂದೆರಡು ನನ್ನ ಕಡಿಂದ. 1982ರ ಗಾಂಧಿ ಫಿಲ್ಮಿನ್ಯಾಗ ಇವ ಅಮೆರಿಕನ್ ಲೆಫ್ಟಿನೆಂಟ್ ಆಗಿ ಜೀಪ್ ಓಡಿಸೋ ಸಣ್ಣ ಪಾತ್ರ ಮಾಡ್ಯಾನ, ಆದ್ರ ಅಲ್ಲಿ ಕೇಳೋ ದನಿ ಇವಂದಲ್ಲ, ಮಾರ್ಟಿನ್ ಶೀನ್ ಡಬ್ ಮಾಡ್ಯಾರ. ನಾಕು ನಿಮಿಷದಾಗ ನಿಮ್ಮನ್ನ ಕಳಸಿದ್ರು ಅಂತ ಓದಿದಾಗ ನಂಗ ಇದೇ ನೆನಪಾಯ್ತು, ಮುಂದ ದನಿಲೇ ಹೆಸರು ಮಾಡಿದವನ ದನಿನೂ ಒಂದು ಸಲ ತೆಗೆದು ಹಾಕ್ಯಾರ.

ಎರಡನೇದು ಸಹಿ ಮಾಡೋ ಕರಾರು ಕಾಗದದ ವಿಷಯ. ಏರ್‌ಪೋರ್ಟ್‌ಗಳಾಗ ಚಿಯರ್ಸ್ ಹೆಸರಿನ ಬಾರ್ ಮಾಡಿ, ಒಳಗ ಕ್ಲಿಫ್ ಮತ್ತ ನಾರ್ಮ್ ಹೋಲೋ ರೋಬೋ ಗೊಂಬಿ ಕುಂದ್ರಿಸಿದ್ರು. ಇವನೂ ನಾರ್ಮ್ ಮಾಡಿದ ಜಾರ್ಜ್ ವೆಂಟೂ ಕೋರ್ಟಿಗಿ ಹೋದ್ರು, ಪಾತ್ರ ಕಂಪನಿದು ಇರಬಹುದು ಮುಖ ನಮ್ದು ಅಂತ. 1997ರಾಗ ಅಪೀಲ್ ಕೋರ್ಟ್ ಇವರ ಕಡಿ ಹೇಳ್ತು, 2001ರಾಗ ರಾಜಿ ಆಯ್ತು. ಈಗ ಎಐ ಬಂದಾದ, ನಿಮ್ಮ ದನಿ ಒಂದು ಸಲ ತಗೊಂಡು ಯಾವುದಕ್ಕ ಬೇಕಾದ್ರೂ ಬಳಸ್ತೀವಿ ಅಂತ ಎಲ್ಲಿ ಬರದಾರ ನೋಡಿ ಸಹಿ ಮಾಡ್ರಿ. ಆಟೋ ಪ್ರಚಾರದ ರೆಕಾರ್ಡಿಂಗಿಗೂ ಇದೇ ಮಾತು.

ಜೇವರ್ಗಿ ಹುಡುಗ:
ಎಲ್ಲರದೂ ಎರಡೆರಡು ಸಲ ಓದಿದೆ. ಕಾಕಾ, ಬಾಗಿಲ ತನಾ ಹೋಗಿ ತಿರುಗಿದ್ದು ಓದಿ ನಂಗ ಕಣ್ಣಾಗ ನೀರು ಬಂತು, ನಾ ಅವತ್ತು ಬ್ಯಾಗ್ ಎತ್ಕೊಂಡು ಸುಮ್ನ ಬಂದುಬಿಟ್ಟೆ, ನಮ್ಮ ಕಡಿ ಪಾತ್ರ ಏನಾದ್ರೂ ಅದಾವೇನು ಅಂತ ಒಂದು ಮಾತು ಕೇಳಬೇಕಿತ್ತು. ಅವರ ನಂಬರ್ ಇನ್ನಾ ಅದ, ಸೋಮವಾರ ಫೋನ್ ಹಚ್ಚಿ ಕೇಳ್ತೀನಿ. ಅಕ್ಕಾ, ಇವತ್ತ ಅಂಗಡಿ ಮುಚ್ಚಿದ ಮ್ಯಾಲ ಒಂದು ಸೀನ್ ದನಿ ಬಂದ್ ಮಾಡಿ ತುಟಿ ಅಷ್ಟೇ ನೋಡಿದೆ, ಪ ಬ ಮ ಮೂವತ್ತು ಸೆಕೆಂಡಿನ್ಯಾಗ ಒಂಬತ್ತು ಸಲ ಸಿಕ್ತು. ಅದಕ್ಕ ನಮ್ಮ ಮಾತಿನ್ಯಾಗ ಲೈನ್ ಬರದು ಇಲ್ಲೇ ಹಾಕ್ತೀನಿ, ತಪ್ಪಿದ್ರ ಹೇಳ್ರಿ.