ಕಾಕಾನ ಹಳೇ ಜಪಾನ್ ಬೇಸ್: ಹೆಡ್‌ಸ್ಟಾಕ್ ಮೇಲಿನ ಬಣ್ಣ ಕೆರೆಯಬೇಕಾ, ಬಿಡಬೇಕಾ?

ನವನಗರ_ಬೇಸ್ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಕಾಕಾ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದರು. ಗಣಪತಿ ಹಬ್ಬ, ಮದುವೆ, ಬಾದಾಮಿ ಬನಶಂಕರಿ ಜಾತ್ರೆ, ಎಲ್ಲಿ ಕರೆದರೂ ಟೆಂಪೋದಲ್ಲಿ ಸಾಮಾನು ಹಾಕಿಕೊಂಡು ಹೊರಡುವವರು. ಆ ಬೇಸ್ 1990ರ ಸುಮಾರಿಗೆ ಗೋವಾದಲ್ಲಿ ಹಡಗಿನ ಕೆಲಸದವರೊಬ್ಬರ ಹತ್ತಿರ ಕೊಂಡದ್ದು. ಹಳೇ ಬಾಗಲಕೋಟೆಯ ಮನೆ ಮುಳುಗಡೆಗೆ ಹೋದಾಗ ನವನಗರಕ್ಕೆ ಬಂದ ಸಾಮಾನಿನ ಜೊತೆ ಅದೂ ಬಂತು. ಆಮೇಲೆ ಅಟ್ಟ ಸೇರಿತು. ಹೋದ ತಿಂಗಳು ನಾನು ಇಳಿಸಿದೆ.

ಕಂದು ಬಣ್ಣದ ಬಾಡಿ, ತುಂಬಾ ಭಾರ. ತಂತಿ ಬಿಗಿಯುವ ನಾಲ್ಕು ಕೀಗಳೂ ಒಂದೇ ಬದಿಗೆ ಸಾಲಾಗಿವೆ. ಪಿಕಪ್ (ತಂತಿಯ ನಾದ ಹಿಡಿದು ಆಂಪ್‌ಗೆ ಕಳಿಸುವ ಭಾಗ) ಎರಡು: ನಡುವೆ ಎರಡು ತುಂಡಾಗಿ ಹಿಂದೆಮುಂದೆ ಕೂತದ್ದು ಒಂದು, ತಂತಿಗಳ ಕೆಳತುದಿ ಕೂರುವ ಬ್ರಿಡ್ಜ್ ಹತ್ತಿರ ಉದ್ದದ್ದು ಇನ್ನೊಂದು. ಕಂಪನಿ ಹೆಸರು ಎಲ್ಲೂ ಇಲ್ಲ. ಯಾಕೆಂದರೆ ಹೆಡ್‌ಸ್ಟಾಕ್‌ಗೆ, ಅಂದರೆ ಕೀಗಳಿರುವ ತುದಿಗೆ, ಪೂರ್ತಿ ಕಪ್ಪು ಎನಾಮೆಲ್ ಬಳಿದು, ಅದರ ಮೇಲೆ ಹಳದಿಯಲ್ಲಿ ಆರ್ಕೆಸ್ಟ್ರಾ ಹೆಸರು ಬರೆಸಿದ್ದಾರೆ. ಅಂಗಡಿ ಬೋರ್ಡ್ ಬರೆಯುತ್ತಿದ್ದ ಪೇಂಟರ್ ಬರೆದದ್ದಂತೆ. ಅಕ್ಷರಕ್ಕೆ ಕೆಂಪು ನೆರಳು ಕೂಡ ಇದೆ. ಹಿಂದೆ, ನೆಕ್ (ಉದ್ದನೆಯ ಹಿಡಿ) ಬಾಡಿಗೆ ಸೇರುವ ಕಡೆ, ನಾಲ್ಕು ಸ್ಕ್ರೂ ಇರುವ ಪ್ಲೇಟ್ ಮೇಲೆ ಒಂದು ನಂಬರ್ ಇದೆ: ಎಫ್, ಆಮೇಲೆ 84, ಆಮೇಲೆ ಇನ್ನೂ ನಾಲ್ಕು ಅಂಕಿ.

ತೊಂದರೆ ಏನೆಂದರೆ ನಡುವಿನ ಪಿಕಪ್ ಪೂರ್ತಿ ಸತ್ತಿದೆ, ತಂತಿ ನೆಕ್‌ನಿಂದ ಬಹಳ ಮೇಲಿವೆ, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ. ಫೋಟೋ ನೋಡಿದ ಒಬ್ಬರು 18,000 ರೂಪಾಯಿಗೆ ಕೇಳಿದ್ದಾರೆ. ಇದು "ಲಾಸೂಟ್ ಬೇಸ್", ಬಣ್ಣ ಕೆರೆದು ಕೆಳಗೆ ಲೋಗೋ ಸಿಕ್ಕರೆ ಇನ್ನೂ 5,000 ಕೊಡುತ್ತೇನೆ ಅಂದರು. ರಿಪೇರಿಗೆ ಅಂತ ಒಂದು ಅಂಗಡಿಗೆ ಒಯ್ದರೆ, ಒಳಗಿನದೆಲ್ಲ ಕಿತ್ತು ಹೊಸದು ಹಾಕಿ, ಬಾಡಿಗೂ ಹೊಸ ಪೇಂಟ್ ಹೊಡೆಯೋಣ ಅಂದರು. ನನಗೆ ಮನಸ್ಸು ಬರಲಿಲ್ಲ, ವಾಪಸ್ ತಂದೆ. ಇದು ಯಾವ ಬೇಸ್? ಕೆರೆಯಲಾ, ಬೇಡವಾ? ಕಾಕಾನಿಗೆ ಕೇಳಿದರೆ "ನಿಂದು ಈಗ ಅದು, ನಿನಗೆ ತಿಳಿದಂಗ ಮಾಡು" ಅಂತಾರೆ.

ಟಿಳಕವಾಡಿ_ಬೇಸ್ (ಬೆಳಗಾವಿ)

ತಮ್ಮಾ, ವಾಪಸ್ ತಂದದ್ದು ಬಹಳ ಒಳ್ಳೆಯದಾಯಿತು. ಯಾರ ಕೈಗೂ ಕೊಡಬೇಡ ಸದ್ಯಕ್ಕೆ.

ಮೊದಲು ನಂಬರ್ ವಿಷಯ. ಒಂದು ಅಕ್ಷರ, ಹಿಂದೆಯೇ ಆರು ಅಂಕಿ, ಇದು 1970ರ ದಶಕದ ನಡುವಿನಿಂದ 80ರ ದಶಕದವರೆಗೆ ಐಬನೆಜ್ ಬಳಸುತ್ತಿದ್ದ ಕ್ರಮ. ಅಕ್ಷರ ತಿಂಗಳನ್ನು ಹೇಳುತ್ತದೆ: ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಮುಂದಿನ ಎರಡು ಅಂಕಿ ವರ್ಷ. ಅಂದರೆ ನಿನ್ನದು 1984ರ ಜೂನ್. ಐಬನೆಜ್ ಅನ್ನುವುದು ನಗೋಯಾ ಊರಿನ ಹೋಶಿನೋ ಗಕ್ಕಿ ಕಂಪನಿಯ ಹೆಸರು, ಆದರೆ ಆ ಕಾಲದ ಹೆಚ್ಚಿನ ಐಬನೆಜ್‌ಗಳನ್ನು ಮಾಡಿಕೊಟ್ಟದ್ದು ಮಾತ್ಸುಮೋಟೋದ ಫುಜಿಗೆನ್ ಕಾರ್ಖಾನೆ. 1982ರಲ್ಲಿ ಅಮೆರಿಕದ ಫೆಂಡರ್ ಕಂಪನಿ ಜಪಾನ್‌ನಲ್ಲೇ ಗಿಟಾರ್ ಮಾಡಿಸಲು ಶುರು ಮಾಡಿದಾಗ ಹಿಡಿದದ್ದೂ ಇದೇ ಫುಜಿಗೆನ್ ಕೈಯನ್ನೇ. ಗ್ರೆಕೋ, ಟೋಕೈ ಮುಂತಾದ ಜಪಾನ್ ನಕಲುಗಳು ಅಷ್ಟು ಚೆನ್ನಾಗಿದ್ದವು, ಅಷ್ಟು ಅಗ್ಗವಾಗಿದ್ದವು, ಅಮೆರಿಕದವರಿಗೆ ಬೇರೆ ದಾರಿ ಇರಲಿಲ್ಲ. ಹಾಗಾಗಿ ನಿನ್ನ ಅಟ್ಟದಲ್ಲಿದ್ದದ್ದು ಸುಮ್ನೆ ಯಾವುದೋ ಹಳೇ ಗಿಟಾರ್ ಅಲ್ಲ.

ಒಂದು ಎಚ್ಚರಿಕೆ. ಪ್ಲೇಟ್ ಬಿಚ್ಚಿ ಬೇರೆ ಬೇಸ್‌ಗೆ ಹಾಕುವುದು ಐದು ನಿಮಿಷದ ಕೆಲಸ. ಅದನ್ನೊಂದನ್ನೇ ನಂಬಬೇಡ. ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ನೆಕ್ ಮೆಲ್ಲಗೆ ಎತ್ತು. ನೆಕ್ ತುದಿಯಲ್ಲಿ ಅಥವಾ ಅದು ಕೂರುವ ಗುಳಿಯಲ್ಲಿ ಎಷ್ಟೋ ಸಲ ಸೀಲು, ಪೆನ್ಸಿಲ್ ಗುರುತು ಇರುತ್ತದೆ. ಫೋಟೋ ತೆಗೆದು ಇಡು.

"ಲಾಸೂಟ್" ಅಂದರೆ ಕೋರ್ಟ್ ಕೇಸ್, ನಕಲು ಮಾಡಿದ್ದಕ್ಕೆ ಬಿದ್ದದ್ದು. ಆ ಮಾತಿಗೆ ಬೆಲೆ ಕೊಡಬೇಡ. ಕೇಸ್ ಆದದ್ದು 1977ರಲ್ಲಿ. ಅಮೆರಿಕದ ಗಿಟಾರ್ ಕಂಪನಿ ಗಿಬ್ಸನ್‌ನ ಮಾಲೀಕ ಕಂಪನಿ ನಾರ್ಲಿನ್, ಐಬನೆಜ್‌ನ ಅಮೆರಿಕದ ಶಾಖೆ ಎಲ್ಗರ್ ಮೇಲೆ ಹಾಕಿದ್ದು, ಅದೂ ಹೆಡ್‌ಸ್ಟಾಕ್ ಆಕಾರದ ಬಗ್ಗೆ ಮಾತ್ರ. ಕೋರ್ಟ್ ಹೊರಗೇ ರಾಜಿ ಆಯಿತು. 1984ರ ಬೇಸ್‌ಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಮಾರುವವರು, ಕೊಳ್ಳುವವರು ಇಬ್ಬರೂ ಈ ಪದವನ್ನು ಎಲ್ಲ ಜಪಾನ್ ಗಿಟಾರ್‌ಗೂ ಅಂಟಿಸುತ್ತಾರೆ, ನನಗೆ ಅದು ನಿಜಕ್ಕೂ ಬೇಜಾರು.

ಇನ್ನು ಪಿಕಪ್. ಎರಡು ತುಂಡಿನ ಪಿಕಪ್ ಅಂದರೆ ಎರಡು ಸುರುಳಿ, ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿರುತ್ತಾರೆ. ಎಲ್ಲಾದರೂ ಒಂದೇ ಕಡೆ ತುಂಡಾದರೂ ಎರಡೂ ಸುಮ್ಮನಾಗುತ್ತವೆ. ಅದಕ್ಕೆ ಪೂರ್ತಿ ಸತ್ತಿದೆ ಅಂತ ಎಸೆಯಬಾರದು. ಮಲ್ಟಿಮೀಟರ್ ಹಿಡಿದು ಒಂದೊಂದು ತುಂಡನ್ನೂ ಬೇರೆ ಬೇರೆ ಅಳೆ. ಈ ಜಾತಿಯ ಪಿಕಪ್ ಒಟ್ಟು 10 ಕಿಲೋ ಓಮ್ ಆಸುಪಾಸು ತೋರಿಸುತ್ತದೆ, ಅಂದರೆ ತುಂಡಿಗೆ ಸುಮಾರು 5. ಮತ್ತೆ, ಪಂಪ್‌ಸೆಟ್ ಮೋಟಾರ್ ಸುತ್ತುವ ಅಂಗಡಿಗೆ ಮಾತ್ರ ಒಯ್ಯಬೇಡ. ಪಿಕಪ್ ತಂತಿ 0.06 ಮಿ.ಮೀ. ದಪ್ಪ, ಕೂದಲಿನ ಹಾಗೆ. ಅವರು ದಿನಾ ಸುತ್ತುವುದು ಎಷ್ಟೋ ಪಟ್ಟು ದಪ್ಪದ ತಂತಿ, ಬಿಚ್ಚಿದರೆ ಮುಗಿಯಿತು.

ಜೋರಾಪುರ_ಪೇಠ (ವಿಜಯಪುರ)

ನನ್ನ ಹತ್ತಿರ ಆರಿಯಾ ಪ್ರೊ ಎರಡು ಎಸ್‌ಬಿ-1000 ಇದೆ, ಒಂಬತ್ತು ವರ್ಷ ಆಯಿತು. ಅದೂ ಮಾತ್ಸುಮೋಟೋದ್ದೇ, ಆದರೆ ಮಾತ್ಸುಮೋಕು ಕಾರ್ಖಾನೆ. ಅವರು ಗಿಟಾರ್‌ಗೆ ಕೈ ಹಾಕುವ ಮೊದಲು ಸಿಂಗರ್ ಹೊಲಿಗೆ ಯಂತ್ರಕ್ಕೆ ಮರದ ಪೆಟ್ಟಿಗೆ ಮಾಡುತ್ತಿದ್ದರು. 1987ರಲ್ಲಿ ಮುಚ್ಚಿತು. ನನ್ನ ಬೇಸ್‌ನ ನೆಕ್ ಬಾಡಿಯ ಮಧ್ಯದಲ್ಲೇ ಕೊನೆತನಕ ಹೋಗುತ್ತದೆ, ಮರದ ಪಟ್ಟಿಗಳ ಜೋಡಣೆ ಮೇಲೆ ಉಗುರು ಎಳೆದರೂ ಎಲ್ಲೂ ತಡೆಯುವುದಿಲ್ಲ. ನಮ್ಮ ಅಮ್ಮನ ಹೊಲಿಗೆ ಯಂತ್ರದ ಮುಚ್ಚಳ ನೋಡಿದಾಗಲೆಲ್ಲ ಅದು ನೆನಪಾಗುತ್ತದೆ.

ನಾನು ಹೇಳಬೇಕಾದದ್ದು ಹವೆಯ ಬಗ್ಗೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿ ಪೂರ್ತಿ ಒಣ. ಮರ ಕುಗ್ಗುತ್ತದೆ, ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಕುಗ್ಗುವುದಿಲ್ಲ. ಆಗ ನೆಕ್ ಅಂಚಿನಿಂದ ಫ್ರೆಟ್ ತುದಿ ಹೊರಬಂದು ಕೈ ಗೀರುತ್ತದೆ. ಬಾಗಲಕೋಟೆಯಲ್ಲೂ ಅದೇ ಕಥೆ ಅಲ್ವಾ. ಅಟ್ಟದಲ್ಲಿ, ತಗಡಿನ ಕೆಳಗೆ ಇಟ್ಟಿದ್ದರೆ ಇನ್ನೂ ಜಾಸ್ತಿ. ಇದೇ ಬೇಸ್ ಹಿಡಿದು ಜುಲೈನಲ್ಲಿ ಬೆಳಗಾವಿಗೆ ಹೋದರೆ, ಅಲ್ಲಿ ತಿಂಗಳುಗಟ್ಟಲೆ ಮಳೆ, ಮರ ನೀರು ಕುಡಿದು ಉಬ್ಬುತ್ತದೆ, ನೆಕ್ ಬೇರೆಯೇ ರೀತಿ ಬಾಗುತ್ತದೆ. ಅದಕ್ಕೆ ತಂತಿ ಮೇಲಿದೆ ಅಂತ ಗಾಬರಿ ಬೇಡ, ನೆಕ್ ಹಾಳಾಗಿದೆ ಅಂತ ಯಾರಾದರೂ ಹೇಳಿದರೆ ನಂಬಲೂ ಬೇಡಿ.

ಹೀಗೆ ನೋಡಿ. ಮೊದಲನೇ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡರಲ್ಲೂ ದಪ್ಪ ತಂತಿಯನ್ನು ಒತ್ತಿ ಹಿಡಿಯಿರಿ. ಏಳು, ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಹೋಗುವಷ್ಟು ಸಂದು ಇರಬೇಕು. ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಬಿಗಿ ಮಾಡಬೇಕು, ಬಲಕ್ಕೆ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಆಮೇಲೆ ಒಂದು ದಿನ ಬಿಡಿ. ಮರಕ್ಕೆ ಟೈಮ್ ಬೇಕು. ಮತ್ತೆ ಅಳೆದು, ಬೇಕಾದರೆ ಇನ್ನೊಂದು ಕಾಲು ಸುತ್ತು. ಜೋರು ಬಿದ್ದರೆ ನಿಲ್ಲಿಸಿ, ಬಲವಂತ ಮಾಡಬೇಡಿ. ಆ ರಾಡ್ ಕಿತ್ತುಬಂದರೆ ಬೇಸ್ ಹೋದ ಹಾಗೆ.

ಇನ್ನೊಂದು ಮಾತು. ಈ ಹುಚ್ಚು ಹಿಡಿದು ಜಪಾನ್‌ನಿಂದ ಆಂಪ್ ಕೂಡ ತರಿಸುವ ಮನಸ್ಸಾದರೆ, ಅಲ್ಲಿಯ ಕರೆಂಟ್ 100 ವೋಲ್ಟ್, ನಮ್ಮದು 230. ನಾನು ತರಿಸಿದ ಚಿಕ್ಕ ಆಂಪ್ ನೇರ ಪ್ಲಗ್‌ಗೆ ಹಾಕಿದ ಕೂಡಲೇ ಹೊಗೆ ಬಂತು. ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಬೇಸ್‌ಗೆ ಆ ಚಿಂತೆ ಇಲ್ಲ.

ಉದ್ಯಮಬಾಗ_ಲೇಥ್ (ಬೆಳಗಾವಿ)

ಮೇಲಿನ ಇಬ್ಬರೂ ಹೇಳಿದ್ದು ಸರಿ. ಸ್ಕ್ರೂ ಬಗ್ಗೆ ನಾನು ಒಂದು ಸೇರಿಸುತ್ತೇನೆ. ಜಪಾನ್ ಬೇಸ್‌ನ ಸ್ಕ್ರೂ, ಅಲನ್ ಕೀ ಎಲ್ಲ ಮಿಲಿಮೀಟರ್ ಲೆಕ್ಕ. ಅಮೆರಿಕದ ಗಿಟಾರ್‌ಗೆ ಬರುವ ಇಂಚಿನ ಅಲನ್ ಕೀ ತೂರಿಸಿ ತಿರುಗಿಸಿದರೆ ತಲೆ ದುಂಡಗಾಗಿ ಹೋಗುತ್ತದೆ. ನನ್ನ ಹತ್ತಿರ ಬಂದ ಮೂರು ಬೇಸ್ ಹೀಗೇ ಹಾಳಾಗಿದ್ದವು. ಬ್ರಿಡ್ಜ್ ಮೇಲಿನ ಸ್ಯಾಡಲ್ (ಒಂದೊಂದು ತಂತಿ ಕೂರುವ ತುಣುಕು) ತುಕ್ಕು ಹಿಡಿದು ಅಲುಗದಿದ್ದರೆ, ಬ್ರಿಡ್ಜ್ ಪೂರ್ತಿ ಬದಲಿಸಬೇಡಿ. ಒಂದು ರಾತ್ರಿ ಎಣ್ಣೆ ಬಿಟ್ಟು ನೋಡಿ, ಆಗದಿದ್ದರೆ ಇಲ್ಲಿಗೆ ಕಳಿಸಿ, ಅದೇ ಅಳತೆಗೆ ಹಿತ್ತಾಳೆಯಲ್ಲಿ ಲೇಥ್ ಮೇಲೆ ತಿರುವಿ ಕೊಡುತ್ತೇನೆ. ಬಿಚ್ಚಿದ ಹಳೇ ತುಣುಕು ಒಂದನ್ನೂ ಬಿಸಾಡಬೇಡಿ. ಚೀಲದಲ್ಲಿ ಹಾಕಿ, ತಾರೀಖು ಬರೆದು, ಬೇಸ್ ಜೊತೆಗೇ ಇಡಿ. ವಾಲ್ಯೂಮ್ ತಿರುಗಿಸುವ ಪಾಟ್ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುಗಿಸಿ, ಎಷ್ಟೋ ಸಲ ಅಷ್ಟೇ ಸಾಕು.

ಬಣ್ಣದ ವಿಷಯದಲ್ಲಿ ನನ್ನ ಮಾತು ಬೇರೆ. ಕೆರೆದು ನೋಡಿ ಅನ್ನುತ್ತೇನೆ. ಮಾಡಿದವರ ಹೆಸರು ಅದು. ಕಾರ್ಖಾನೆಯಲ್ಲಿ ಯಾರೋ ಕೂತು ಅಷ್ಟು ಕಾಳಜಿಯಿಂದ ಮಾಡಿದ ವಸ್ತು, ಅದರ ಮೇಲೆ ಎನಾಮೆಲ್ ಕೂತಿರುವುದು ನನಗೆ ಸಹಿಸಲು ಆಗುವುದಿಲ್ಲ. ಕೈಯಿಂದ ವಸ್ತು ಮಾಡುವವನು ನಾನು, ಅದಕ್ಕೇ ಹೇಳುತ್ತಿದ್ದೇನೆ.

ಟಿಳಕವಾಡಿ_ಬೇಸ್ (ಬೆಳಗಾವಿ)

ಅಣ್ಣಾ, ನಿಮ್ಮ ಮಾತು ಅರ್ಥ ಆಗುತ್ತದೆ. ಆದರೆ ಎರಡು ಕಾರಣಕ್ಕೆ ಬೇಡ ಅನ್ನುತ್ತೇನೆ. ಒಂದು, ಲೋಗೋ ಕೆಲವು ಸಲ ಕ್ಲಿಯರ್ ಕೋಟ್‌ನ (ಬಣ್ಣವಿಲ್ಲದ ಹೊಳಪಿನ ಲೇಪ) ಕೆಳಗಿರುತ್ತದೆ, ಕೆಲವು ಸಲ ಅದರ ಮೇಲೆ ಅಂಟಿಸಿರುತ್ತಾರೆ. ಮೇಲಿದ್ದರೆ ಎನಾಮೆಲ್ ಜೊತೆ ಅದೂ ಎದ್ದು ಬರುತ್ತದೆ, ಥಿನ್ನರ್ ಹಾಕಿದರಂತೂ ಉಳಿಯುವುದೇ ಇಲ್ಲ. ಆಗ ಕೈಯಲ್ಲಿ ಜಪಾನಿನ ಹೆಸರೂ ಇಲ್ಲ, ಆರ್ಕೆಸ್ಟ್ರಾದ ಹೆಸರೂ ಇಲ್ಲ. ಎರಡು, ಆ ಹಳದಿ ಅಕ್ಷರ ಬರೆದ ಪೇಂಟರ್ ಕೂಡ ಕೈಕೆಲಸದವನೇ ಅಲ್ವಾ? ಕೈಯಲ್ಲಿ ಬೋರ್ಡ್ ಬರೆಯುವವರು ಈಗ ನಮ್ಮ ಕಡೆ ಎಷ್ಟು ಜನ ಉಳಿದಿದ್ದಾರೆ ಹೇಳಿ. ಜೂನ್ 1984ರ ಐಬನೆಜ್ ಹುಡುಕಿದರೆ ಇನ್ನೊಂದು ಸಿಗುತ್ತದೆ. ಬನಶಂಕರಿ ಜಾತ್ರೆಯಲ್ಲಿ ಬಾರಿಸಿದ, ಕೆಂಪು ನೆರಳಿನ ಅಕ್ಷರ ಇರುವ ಐಬನೆಜ್ ಇದೊಂದೇ.

ತಮ್ಮಾ, ಕೆರೆಯುವ ಬದಲು ಒಂದು ಮಾಡು. ರಾತ್ರಿ ಲೈಟ್ ಆರಿಸಿ, ಹೆಡ್‌ಸ್ಟಾಕ್ ಮೇಲೆ ಮೊಬೈಲ್ ಟಾರ್ಚ್ ಅಡ್ಡಡ್ಡ ಹಿಡಿದು ನೋಡು.

ನವನಗರ_ಬೇಸ್ (ಬಾಗಲಕೋಟೆ)

ಹತ್ತು ದಿನ ಆಯಿತು, ಕ್ಷಮಿಸಿ. ಒಂದೊಂದಾಗಿ ಮಾಡುತ್ತಿದ್ದೆ.

ನೆಕ್ ಬಿಚ್ಚಿದೆ. ಗುಳಿಯಲ್ಲಿ ಬಾಡಿಯ ಮೂಲ ಬಣ್ಣ ಹಾಗೇ ಇದೆ, ಹೊರಗಿಗಿಂತ ಕೆಂಪಗೆ. ನೆಕ್ ತುದಿಯಲ್ಲಿ ನೀಲಿ ಸೀಲಿನ ಗುರುತು ಇದೆ, ಅರ್ಧ ಅಳಿಸಿದೆ, 84 ಓದಲು ಬರುತ್ತದೆ. ಪ್ಲೇಟ್ ಜೊತೆ ಹೊಂದಿತು.

ಪಿಕಪ್ ಅಳೆದೆ. ಒಟ್ಟಿಗೆ ಅಳೆದರೆ ಮೀಟರ್ ಏನೂ ತೋರಿಸಲಿಲ್ಲ, ಎದೆ ಧಸಕ್ ಅಂತು. ಬೇರೆ ಬೇರೆ ಅಳೆದರೆ ಒಂದು 5.2, ಇನ್ನೊಂದು 5.3. ಎರಡೂ ಬದುಕಿವೆ! ಎರಡರ ನಡುವೆ ಹೋಗುವ ಚಿಕ್ಕ ಕಪ್ಪು ವೈರ್, ಮರದ ಅಂಚಿಗೆ ಉಜ್ಜಿ ಉಜ್ಜಿ ತುಂಡಾಗಿತ್ತು. ಮೊಬೈಲ್ ರಿಪೇರಿ ಮಾಡುವ ಗೆಳೆಯ ಎರಡು ನಿಮಿಷದಲ್ಲಿ ಸೋಲ್ಡರ್ ಮಾಡಿದ. ಅಂಗಡಿಯವರು ಕಿತ್ತು ಹಾಕೋಣ ಅಂದಿದ್ದ ಪಿಕಪ್ ಇದೇ. ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತದೆ.

ಟ್ರಸ್ ರಾಡ್ ಮೂರು ದಿನ, ದಿನಕ್ಕೆ ಕಾಲು ಸುತ್ತು. ಈಗ ಕಾರ್ಡ್ ಸರಿಯಾಗಿ ಹೋಗುತ್ತದೆ. ನೆಕ್ ಮೇಲೆ ಬೆರಳಿಡುವ ಹಲಗೆ ಬೂದು ಬಣ್ಣಕ್ಕೆ ತಿರುಗಿತ್ತು. ಒದ್ದೆ ಬಟ್ಟೆ ಹಿಂಡಿ ಒರೆಸಿ, ನಿಂಬೆ ಎಣ್ಣೆ ನಾಲ್ಕೇ ಹನಿ ಹಚ್ಚಿದೆ. ಕಪ್ಪುಗೆಂಪು ಗೆರೆ ಎದ್ದು ಬಂದವು. ಬಡಿಗ ಕೆಲಸದ ಮಾವ ನೋಡಿ, ಇದು ಬೀಟೆ ಅಂದರು. ಖಾನಾಪುರ, ದಾಂಡೇಲಿ ಕಡೆ ಕಾಡಿನಲ್ಲಿ ಇರುವ ಅದೇ ಜಾತಿಯ ಮರ!

ಟಾರ್ಚ್ ಹಿಡಿದು ನೋಡಿದೆ. ಹಳದಿ ಅಕ್ಷರದ ಅಡಿಯಲ್ಲಿ, ಎನಾಮೆಲ್ ಸಣ್ಣಗೆ ಉಬ್ಬಿದೆ. ಎಡಕ್ಕೆ ನೇರ ಗೆರೆ, ಪಕ್ಕದಲ್ಲಿ ದುಂಡನೆಯದು, ಆಮೇಲೆ ಸಾಲಾಗಿ ಇನ್ನೂ ಕೆಲವು. ಬೆರಳಿಗೂ ತಾಗುತ್ತದೆ. ಕಾಕಾನನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆದರೆ ನೋಡಿದ್ದು ಹಳದಿ ಅಕ್ಷರವನ್ನು. ಆ ಪೇಂಟರ್ ದುಡ್ಡು ತೆಗೆದುಕೊಳ್ಳಲಿಲ್ಲ, ಜಾತ್ರೆಯಲ್ಲಿ ಸ್ಟೇಜ್ ಹತ್ತಿರ ಕೂರಿಸು ಅಂದಿದ್ದ, ಅಂತ ಹೇಳಿದರು. ನನಗೆ ಇದು ಗೊತ್ತೇ ಇರಲಿಲ್ಲ. ಬಣ್ಣ ಹಾಗೇ ಇರುತ್ತದೆ. 18,000ದವರಿಗೆ ಫೋನ್ ಮಾಡಿ ಇಲ್ಲ ಅಂದೆ.

ಲೇಥ್ ಅಣ್ಣಾ, ಬ್ರಿಡ್ಜ್‌ನಲ್ಲಿ ಎ ತಂತಿಯ ಸ್ಯಾಡಲ್ ಮಾತ್ರ ಎಣ್ಣೆಗೂ ಬಗ್ಗುತ್ತಿಲ್ಲ. ಭಾನುವಾರ ಬೆಳಗಾವಿಗೆ ತಂದರೆ ನೀವು ಸಿಗುತ್ತೀರಾ?

ಉದ್ಯಮಬಾಗ_ಲೇಥ್ (ಬೆಳಗಾವಿ)

ಸಿಗುತ್ತೇನೆ, ಹತ್ತು ಗಂಟೆಗೆ ಬನ್ನಿ. ಪೇಂಟರ್ ವಿಷಯ ಓದಿದ ಮೇಲೆ ಕೆರೆಯಿರಿ ಅನ್ನುವ ಬಾಯಿ ನನಗಿಲ್ಲ, ಮಾತು ವಾಪಸ್ ತಗೊಂಡೆ. ಬರುವಾಗ ತಂತಿ ಪೂರ್ತಿ ಬಿಚ್ಚಬೇಡಿ, ಸ್ವಲ್ಪ ಸಡಿಲಿಸಿ ಸಾಕು. ಬಸ್ಸಿನ ಮೇಲೆ ಹಾಕಬೇಡಿ, ಒಳಗೆ ಕಾಲ ನಡುವೆ ನಿಲ್ಲಿಸಿಕೊಳ್ಳಿ. ಕಾಕಾನನ್ನೂ ಕರೆದುಕೊಂಡು ಬನ್ನಿ. ಸ್ಯಾಡಲ್ ಆಗುವ ತನಕ ಅವರು ಬಾರಿಸಲಿ, ನನ್ನ ಹತ್ತಿರ ಆಂಪ್ ಇದೆ, 230ರದ್ದೇ.