ಫೋಟೋ ನೋಡಿ ಪೇಸ್ಟಲ್ ಮಾಡುವುದನ್ನು ಬಿಟ್ಟಿದ್ದೇನೆ. ಏನಂತೀರಿ?

ಮಲೆನಾಡ ಮಳೆ
ಆರು ವರ್ಷದಿಂದ ಸಾಫ್ಟ್ ಪೇಸ್ಟಲ್, ಅಂದರೆ ಒಣ ಬಣ್ಣದ ಪುಡಿಯ ಕಡ್ಡಿಯಲ್ಲಿ ಚಿತ್ರ, ಮಾಡುತ್ತಿದ್ದೇನೆ. ಎಲ್ಲವೂ ಮೊಬೈಲ್ ಫೋಟೋ ನೋಡಿಯೇ. ಕಾಗದದ ಮೇಲೆ ಚೌಕ ಚೌಕ ಗೆರೆ ಹಾಕಿ, ಬೆರಳಲ್ಲಿ ಉಜ್ಜಿ ಉಜ್ಜಿ, ರೆಪ್ಪೆಯ ಒಂದೊಂದು ಕೂದಲೂ ಬಿಡದೆ. ಅಜ್ಜಿಯ ಮುಖ, ಪಕ್ಕದ ಮನೆ ಬೆಕ್ಕು, ಮದುವೆ ಜೋಡಿಗಳು. ನೋಡಿದವರೆಲ್ಲ "ಫೋಟೋ ಥರಾನೇ ಇದೆ" ಅನ್ನುತ್ತಿದ್ದರು. ಅಷ್ಟಕ್ಕೇ ಖುಷಿಪಡುತ್ತಿದ್ದೆ.

ಹೋದ ತಿಂಗಳು ತೀರ್ಥಹಳ್ಳಿಯಲ್ಲಿ ಮನೆ ಹಿಂದಿನ ಅಡಿಕೆ ತೋಟ ಮಾಡಲು ಕೂತೆ. ಸಂಜೆ ಮಳೆಯ ಫೋಟೋ ಇತ್ತು. ಅದರಲ್ಲಿ ಮರದ ಬುಡವೆಲ್ಲ ಬರೀ ಕಪ್ಪು. ಆದರೆ ನಾನು ಕಣ್ಣಾರೆ ಕಂಡಿದ್ದು ಕಪ್ಪಲ್ಲ. ನೇರಳೆ ಇತ್ತು, ಪಾಚಿ ಹಸಿರು ಇತ್ತು. ಮೊಬೈಲ್ ಒಳಗಿಟ್ಟು ಹಿತ್ತಲ ಬಾಗಿಲಲ್ಲಿ ಹತ್ತು ನಿಮಿಷ ಸುಮ್ನೆ ನಿಂತೆ. ಒಳಗೆ ಬಂದು 14 ಕಡ್ಡಿ ಆರಿಸಿಕೊಂಡು, ಕೆಮ್ಮಣ್ಣು ಬಣ್ಣದ ಕಾಗದದ ಮೇಲೆ ಕಡ್ಡಿಯನ್ನು ಅಡ್ಡ ಹಿಡಿದು ಎಳೆದೆ. ಬೆರಳು ತಾಗಿಸಲಿಲ್ಲ. 40 ನಿಮಿಷಕ್ಕೆ ಮುಗಿಯಿತು. ಮನೆಯಲ್ಲಿ "ಹಿಂದಿನವೇ ಚೆನ್ನಾಗಿದ್ದವು" ಅಂದರು. ನನಗೆ ಮಾತ್ರ ಇದೇ ನನ್ನ ಮೊದಲ ಚಿತ್ರ ಅನ್ನಿಸಿದೆ.

ಫ್ರಾನ್ಸಿನ ಚಿತ್ರಕಾರ ಡೆಗಾ 1890ರಲ್ಲಿ ಗೆಳೆಯನ ಜೊತೆ ಕುದುರೆ ಗಾಡಿಯಲ್ಲಿ ಬರ್ಗಂಡಿ ಕಡೆ ಹೋಗಿದ್ದ. ದಾರಿಯಲ್ಲಿ ಕಂಡ ಬಯಲು, ಗುಡ್ಡಗಳನ್ನು ಆಮೇಲೆ ನೆನಪಿನಿಂದ ಮಾಡಿದ. ತಟ್ಟೆಗೆ ಬಣ್ಣ ಬಳಿದು ಒಂದೇ ಅಚ್ಚು ತೆಗೆದು, ಅದರ ಮೇಲೆ ಪೇಸ್ಟಲ್ ಹಾಕಿದ. 1892ರಲ್ಲಿ ಪ್ಯಾರಿಸ್ಸಿನಲ್ಲಿ ಅವುಗಳ ಪ್ರದರ್ಶನವೂ ಆಯಿತು. ಅವನ್ನು ನೋಡಿದ ಮೇಲೆ ನನಗೆ ಧೈರ್ಯ ಬಂತು. ನಕಲು ಮಾಡಿದಷ್ಟು ದಿನ ನಾನು ಏನನ್ನೂ ನೋಡಲೇ ಇಲ್ಲ. ಚಿತ್ರ ಕೆಳಗೆ ಹಾಕಿದ್ದೇನೆ. ಬಣ್ಣ ಮಂಕಾಗುತ್ತದೆ ಅಂತ ಫಿಕ್ಸೆಟಿವ್ (ಪುಡಿ ಉದುರದಂತೆ ಹಿಡಿಯುವ ಸ್ಪ್ರೇ) ಹೊಡೆದಿಲ್ಲ.

ಡ್ರಾಯಿಂಗ್ ಮೇಷ್ಟ್ರು
"ನೋಡಲೇ ಇಲ್ಲ" ಅನ್ನುವುದು ನಿಮ್ಮ ಕೈಗೆ ನೀವೇ ಮಾಡುವ ಅನ್ಯಾಯ. ಆ ಆರು ವರ್ಷ ಇಲ್ಲದಿದ್ದರೆ 40 ನಿಮಿಷದಲ್ಲಿ ಆ ತೋಟ ಬರುತ್ತಿತ್ತಾ? ನಾನು 28 ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವನು. ಒಂದು ಬಿಂದಿಗೆಯ ಬಾಯಿ ಸರಿಯಾಗಿ ಬರೆಯಲು ಬಾರದ ಮಕ್ಕಳು "ಇದು ನನ್ನ ಭಾವನೆ ಸರ್" ಅನ್ನುವ ಕಾಲ ಇದು. ಡೆಗಾ ಹೆಸರು ಹೇಳಿದಿರಿ. ಅವನು 1853ರಲ್ಲಿ, 18ನೇ ವಯಸ್ಸಿಗೆ, ಪ್ಯಾರಿಸ್ಸಿನ ಮ್ಯೂಸಿಯಂ ಲೂವ್ರ್‌ನಲ್ಲಿ ನಕಲು ಮಾಡಲು ಅನುಮತಿ ಪಡೆದವನು. ನೀವು ತೋರಿಸುತ್ತಿರುವುದು 56 ವರ್ಷದ ಡೆಗಾ. ನಡುವಿನ ವರ್ಷ ಎಲ್ಲಿ ಹೋದವು?

ಗೆರೆಗಿಂತ ಬಣ್ಣ
ಮೇಷ್ಟ್ರೇ, ಲೂವ್ರ್‌ನಲ್ಲಿ ನಕಲು ಮಾಡುವುದೂ ಮೊಬೈಲ್ ಫೋಟೋ ನಕಲು ಮಾಡುವುದೂ ಒಂದೇನಾ? ಹಳೆಯ ಚಿತ್ರವನ್ನು ನಕಲು ಮಾಡುವಾಗ ಇನ್ನೊಬ್ಬ ಕಲಾವಿದ ಯಾವುದನ್ನು ಇಟ್ಟ, ಯಾವುದನ್ನು ಬಿಟ್ಟ ಅನ್ನುವುದನ್ನು ಕಲಿಯುತ್ತೀರಿ. ಕ್ಯಾಮೆರಾ ಏನನ್ನೂ ಬಿಡುವುದಿಲ್ಲ. ನೆರಳನ್ನು ಕಪ್ಪು ಮಾಡುತ್ತದೆ, ಆಕಾಶವನ್ನು ಬಿಳಿ ಮಾಡುತ್ತದೆ. ಹತ್ತಿರದಿಂದ ತೆಗೆದರೆ ಮೂಗು ದಪ್ಪ ಮಾಡುತ್ತದೆ. ಆ ತಪ್ಪುಗಳನ್ನೂ ನಾವು ನಿಷ್ಠೆಯಿಂದ ಬರೆಯುತ್ತೇವೆ.

ಡ್ರಾಯಿಂಗ್ ಮೇಷ್ಟ್ರು
"ಕ್ಯಾಮೆರಾ ಏನನ್ನೂ ಬಿಡುವುದಿಲ್ಲ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡೆಗಾ 1895ರಲ್ಲಿ ತಾನೇ ಕ್ಯಾಮೆರಾ ಹಿಡಿದು ಫೋಟೋ ತೆಗೆದವನು. ಇದನ್ನು ಯಾರೂ ಹೇಳುವುದಿಲ್ಲ.

ಗೆರೆಗಿಂತ ಬಣ್ಣ
ಯಾರಿಗೆ ಕುಣಿಯಲು ಬಾರದು ಸರ್? ಗಾದೆ ಹೇಳಿ ಬಾಯಿ ಮುಚ್ಚಿಸುವುದು ಕ್ಲಾಸಿನಲ್ಲಿ ನಡೆಯುತ್ತದೆ, ಇಲ್ಲಿ ಬೇಡ.

ಚೌಕಟ್ಟಿನ ಅಂಗಡಿ
ನಕಲಿನ ಮಾತು ನೀವು ನೋಡಿಕೊಳ್ಳಿ. ನನ್ನ ಕಣ್ಣಿಗೆ ಬಿದ್ದದ್ದು "ಫಿಕ್ಸೆಟಿವ್ ಹೊಡೆದಿಲ್ಲ" ಅನ್ನುವ ಮಾತು. ಮೇಡಂ, ದಯವಿಟ್ಟು ಹೊಡೆಯಿರಿ. ಉಡುಪಿಯಲ್ಲಿ 19 ವರ್ಷದಿಂದ ಫ್ರೇಮ್ ಕೆಲಸ ಮಾಡುತ್ತಿದ್ದೇನೆ. ಫಿಕ್ಸ್ ಮಾಡದ ಪೇಸ್ಟಲ್ ಬಸ್ಸಿನಲ್ಲಿ ಬಂದರೆ ಅರ್ಧ ಬಣ್ಣ ಮೌಂಟಿನ (ಚಿತ್ರದ ಸುತ್ತ ಇಡುವ ರಟ್ಟಿನ) ಅಂಚಿನಲ್ಲಿ ಕೂತಿರುತ್ತದೆ. ಅಷ್ಟು ಚೆಂದದ ನೇರಳೆ ಉದುರಿ ಹೋಗುವುದನ್ನು ನೋಡಲು ಆಗುವುದಿಲ್ಲ.

ಪುಡಿ ಪ್ರೇಮಿ
ಹೊಡೆಯಬೇಡಿ! ಯಾವ ಕಾರಣಕ್ಕೂ ಬೇಡ. ಪೇಸ್ಟಲ್‌ನ ಹೊಳಪು ಇರುವುದೇ ಒಣ ಪುಡಿಯ ಕಣಗಳ ನಡುವೆ ಬೆಳಕು ಚದುರುವುದರಲ್ಲಿ. ಸ್ಪ್ರೇ ಬಿದ್ದ ಕೂಡಲೇ ಆ ಸಂದು ತುಂಬುತ್ತದೆ. ಮೊದಲು ಹೋಗುವುದು ಬಿಳಿ ಮತ್ತು ತಿಳಿ ಬಣ್ಣಗಳು. ಮಳೆಯ ಬೆಳಕೆಲ್ಲ ಒಂದೇ ಏಟಿಗೆ ಒದ್ದೆ ಗೋಡೆಯಾಗುತ್ತದೆ. ಜರ್ಮನಿಯ ಡ್ರೆಸ್ಡನ್ ಮ್ಯೂಸಿಯಂನಲ್ಲಿ ವೆನಿಸ್ಸಿನ ರೊಸಾಲ್ಬಾ ಕರಿಯೆರಾ ಮಾಡಿದ ಪೇಸ್ಟಲ್‌ಗಳಿವೆ. ಆಕೆ ತೀರಿಕೊಂಡದ್ದು 1757ರಲ್ಲಿ. ಆ ಕಾಲದ ಹೆಚ್ಚಿನ ಪೇಸ್ಟಲ್‌ಗಳು ಫಿಕ್ಸೆಟಿವ್ ಕಂಡೇ ಇಲ್ಲ. ಅವನ್ನು ಕಾಪಾಡಿದ್ದು ಗಾಜು.

ಚೌಕಟ್ಟಿನ ಅಂಗಡಿ
ಡ್ರೆಸ್ಡನ್‌ನಲ್ಲಿ ನಮ್ಮ ಜೂನ್ ತಿಂಗಳು ಇಲ್ಲ. ಇಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಪೇಸ್ಟಲ್ ಬಿಡುತ್ತದಾ? ಕಪ್ಪು, ಕಂದು ಬಣ್ಣದ ಮೇಲೆ ಬಿಳಿ ಚುಕ್ಕೆ ಎದ್ದ ಚಿತ್ರಗಳನ್ನು ಜನ ಅಳುಮುಖ ಮಾಡಿಕೊಂಡು ತರುತ್ತಾರೆ.

ಪುಡಿ ಪ್ರೇಮಿ
ಬೂಷ್ಟು ಬರುವುದು ತೇವದಿಂದ. ಕಡ್ಡಿಯೊಳಗಿನ ಅಂಟು ಮತ್ತು ಕಾಗದ ಅದಕ್ಕೆ ಊಟ. ಸ್ಪ್ರೇ ಹೊಡೆದರೆ ಬೂಷ್ಟು ನಿಲ್ಲುತ್ತದೆ ಅಂತ ಎಲ್ಲಿ ಬರೆದಿದೆ? ಗಾಜಿಗೂ ಚಿತ್ರಕ್ಕೂ ನಡುವೆ ಜಾಗ ಬಿಡುತ್ತೀರಾ, ಅದನ್ನು ಮೊದಲು ಹೇಳಿ.

ಚೌಕಟ್ಟಿನ ಅಂಗಡಿ
"ಜಾಗ ಬಿಡುತ್ತೀರಾ" ಅಂತ ನನ್ನನ್ನು ಕೇಳುತ್ತೀರಾ? ಎರಡು ಮೌಂಟ್ ಬೋರ್ಡ್ ಹಾಕಿ, ಅದರ ಹಿಂದೆ ಸಣ್ಣ ಪಟ್ಟಿ ಕೊಟ್ಟು, ಉದುರಿದ ಪುಡಿ ಕಾಣದಂತೆ ಒಳಗೇ ಬೀಳುವ ಹಾಗೆ ಮಾಡುತ್ತೇನೆ. ಗಿರಾಕಿ ಅಗ್ಗ ಅಂತ ಅಕ್ರಿಲಿಕ್ ಶೀಟ್ ಕೇಳಿದರೂ ಕೊಡುವುದಿಲ್ಲ. ಅದರ ಸ್ಥಾಯಿ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ. ಕೆಲಸ ಗೊತ್ತಿದ್ದೇ ಮಾತಾಡುತ್ತಿದ್ದೇನೆ. ನೀವೆಲ್ಲ ಹಾಡಿ ಹೊಗಳುವ ಡೆಗಾ ಫಿಕ್ಸೆಟಿವ್ ಬಳಸಿದ್ದ. ಇಟಲಿಯ ಗೆಳೆಯ ಕ್ಯಾಲಿವಾ ಅವನಿಗೆ ಅದನ್ನು ಮಾಡಿಕೊಡುತ್ತಿದ್ದ.

ಪುಡಿ ಪ್ರೇಮಿ
ಪದರಗಳ ನಡುವೆ ಬಳಸಿದ! ಒಂದು ಪದರ ಹಾಕಿ, ಫಿಕ್ಸ್ ಮಾಡಿ, ಮೇಲೆ ಮತ್ತೆ ಗೆರೆ ಎಳೆದ. ಕೆಳಗಿನ ಕಿತ್ತಳೆ ಮೇಲಿನ ನೀಲಿಯ ಸಂದಿಯಿಂದ ಇಣುಕುವುದು ಹಾಗೆ. ಅದು ಕಟ್ಟುವ ಕೆಲಸ. ನೀವು ಹೇಳುವುದು ಮುಗಿದ ಚಿತ್ರದ ಮೇಲೆ ಹೊಡೆಯುವುದು. 18ನೇ ಶತಮಾನದ ಫ್ರೆಂಚ್ ಪೇಸ್ಟಲ್ ಕಲಾವಿದ ಲಾ ತೂರ್ ಕೊನೆಗಾಲದಲ್ಲಿ ತನ್ನ ಚಿತ್ರಗಳ ಮೇಲೆ ಇಂಥ ಪ್ರಯೋಗ ಮಾಡಲು ಹೋಗಿ ಕೆಲವನ್ನು ಹಾಳು ಮಾಡಿಕೊಂಡ.

ಡ್ರಾಯಿಂಗ್ ಮೇಷ್ಟ್ರು
ಲಾ ತೂರ್ ಹೆಸರು ಬಂದದ್ದು ಒಳ್ಳೆಯದಾಯಿತು. 1755ರ ಪಾಂಪದೂರ್ (ಫ್ರಾನ್ಸಿನ ರಾಜನ ಪ್ರೇಯಸಿ) ಚಿತ್ರ ಅವನದೇ. ಲೂವ್ರ್‌ನಲ್ಲಿದೆ. ಸುಮಾರು ಒಂದೂ ಮುಕ್ಕಾಲು ಮೀಟರ್ ಎತ್ತರ. ರೇಷ್ಮೆಯ ಮಡಿಕೆ, ಲೇಸು, ಪುಸ್ತಕ, ಭೂಗೋಳ, ಎಲ್ಲ ಇದ್ದ ಹಾಗೇ ಇದೆ. ಇದರಲ್ಲಿ ಭಾವ ಇಲ್ಲವಾ? ಅದೇ ಕಾಲದ ಸ್ವಿಸ್ ಕಲಾವಿದ ಲಿಯೊತಾರ್‌ನ ಚಾಕೊಲೇಟ್ ತರುವ ಹುಡುಗಿಯನ್ನು ನೋಡಿ. ತಟ್ಟೆಯ ಮೇಲಿನ ನೀರಿನ ಲೋಟದಲ್ಲಿ ಬೆಳಕು ಹೇಗೆ ಕೂತಿದೆ! ಅದೂ ಪೇಸ್ಟಲ್, ಅದೂ ಡ್ರೆಸ್ಡನ್‌ನಲ್ಲೇ ಇದೆ.

ಗೆರೆಗಿಂತ ಬಣ್ಣ
ಲಿಯೊತಾರ್! ಚಿತ್ರದಲ್ಲಿ ಕೈಯ ಗುರುತು ಕಾಣಲೇಬಾರದು, ಪ್ರಕೃತಿಯಲ್ಲಿ ಅಂಥ ಗುರುತು ಇಲ್ಲ ಅಂತ ವಾದಿಸಿದವನು ಅವನೇ. ಮೇಡಂ ಇಷ್ಟು ವರ್ಷ ಬೆರಳಲ್ಲಿ ಉಜ್ಜಿ ಅಳಿಸಿದ್ದು ಅದನ್ನೇ. ನಾನು ಫ್ರೆಂಚ್ ಕಲಾವಿದ ಒದಿಲೋನ್ ರೆದೋನ್ ಕಡೆಯವನು. ಸುಮಾರು 50 ವರ್ಷದವರೆಗೆ ಇದ್ದಿಲು, ಕಪ್ಪು ಅಚ್ಚುಚಿತ್ರ. ಆಮೇಲೆ ಪೇಸ್ಟಲ್ ಹಿಡಿದ, ಹೂವು ಉರಿಯುವ ಹಾಗೆ ಬಣ್ಣ ಬಂತು. ಯಾವ ಫೋಟೋದಲ್ಲೂ ಆ ಹೂವು ಸಿಗುವುದಿಲ್ಲ.

ಡ್ರಾಯಿಂಗ್ ಮೇಷ್ಟ್ರು
"50 ವರ್ಷದವರೆಗೆ." ನೀವೇ ಹೇಳಿದಿರಿ. ಅಷ್ಟು ವರ್ಷ ಕಪ್ಪು ಬಿಳುಪಿನಲ್ಲಿ ಟೋನ್ (ಕತ್ತಲು ಬೆಳಕಿನ ಮಟ್ಟ) ಕಲಿತ. ನಾನು ಹೇಳುತ್ತಿರುವುದೂ ಅಷ್ಟೇ.

ನ್ಯೂಜೆರ್ಸಿ ಕನ್ನಡತಿ
ನಾನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಡೆಗಾ ಪೇಸ್ಟಲ್‌ಗಳ ಮುಂದೆ ತುಂಬಾ ಹೊತ್ತು ನಿಂತಿದ್ದೇನೆ. ಹತ್ತಿರದಿಂದ ಬರೀ ಗೆರೆ. ಹಸಿರು, ಗುಲಾಬಿ, ಹಳದಿ. ಎರಡು ಹೆಜ್ಜೆ ಹಿಂದೆ ಬಂದರೆ ಹೆಂಗಸೊಬ್ಬಳ ಬೆಚ್ಚನೆಯ ಬೆನ್ನು. ಮಳೆ ಅಕ್ಕನ ತೋಟದಲ್ಲೂ ನನಗೆ ಅದೇ ಅನುಭವ ಆಯಿತು. ಊರಿನ ಮಳೆಯ ಸದ್ದೇ ಕೇಳಿಸಿದ ಹಾಗಾಯಿತು. ಅಂದ ಹಾಗೆ ಫಿಕ್ಸೆಟಿವ್ ಬಗ್ಗೆ ಇಷ್ಟು ಜಗಳ ಯಾಕೆ? ನಾನು ಹೇರ್ ಸ್ಪ್ರೇ ಹೊಡೆಯುತ್ತೇನೆ. ಏನೂ ಆಗಿಲ್ಲ.

ಪುಡಿ ಪ್ರೇಮಿ
ಹೇರ್ ಸ್ಪ್ರೇನಾ!! ಮೇಡಂ, ಅದು ಕೂದಲಿಗೆ ಮಾಡಿದ್ದು. ಒಂದು ದಿನ ನಿಂತರೆ ಸಾಕು ಅಂತ ಮಾಡಿದ್ದು. ಕಾಲ ಕಳೆದ ಹಾಗೆ ಹಳದಿಯಾಗುತ್ತದೆ.

ಚೌಕಟ್ಟಿನ ಅಂಗಡಿ
ಈ ಒಂದು ವಿಷಯದಲ್ಲಿ ಪುಡಿ ಪ್ರೇಮಿಯವರ ಮಾತು ಸರಿ. ಹೇರ್ ಸ್ಪ್ರೇ ಹೊಡೆದ ಚಿತ್ರವನ್ನು ಗಾಜಿನೊಳಗೆ ಹಾಕಲು ನಾನು ಒಪ್ಪುವುದಿಲ್ಲ.

ನ್ಯೂಜೆರ್ಸಿ ಕನ್ನಡತಿ
ನಾನು ಬರೆದ ಎಂಟು ಸಾಲಿನಲ್ಲಿ ನಿಮಗೆ ಕಂಡದ್ದು ಹೇರ್ ಸ್ಪ್ರೇ ಮಾತ್ರ. ಆ ಬೆನ್ನಿನ ಬಗ್ಗೆ ಯಾರೂ ಮಾತಾಡಲಿಲ್ಲ. ಬೇಸರವಾಯಿತು.

ಮಲೆನಾಡ ಮಳೆ
ನನಗೂ. ಚಿತ್ರ ಹಾಕಿ ಎರಡು ದಿನ ಆಯಿತು. ತೋಟದ ಬಗ್ಗೆ ಮಾತಾಡಿದ್ದು ನೀವೊಬ್ಬರೇ.

ಡ್ರಾಯಿಂಗ್ ಮೇಷ್ಟ್ರು
ಹಾಗಾದರೆ ತೋಟದ ಬಗ್ಗೆಯೇ ಹೇಳುತ್ತೇನೆ. ಎಡಗಡೆಯ ಮೂರನೇ ಮರ ನಡುವಲ್ಲಿ ಮುರಿದ ಹಾಗಿದೆ. ಅಡಿಕೆ ಮರ ಗಾಳಿಗೆ ಬಾಗುತ್ತದೆ, ನಿಜ. ಆದರೆ ಬುಡದಿಂದ ತುದಿಯವರೆಗೆ ಒಂದೇ ಬಳುಕು ಇರುತ್ತದೆ. ಇದು ಭಾವ ಅಲ್ಲ, ಡ್ರಾಯಿಂಗ್ ತಪ್ಪು. ಫೋಟೋ ನೋಡಿದ್ದರೆ ಆಗುತ್ತಿರಲಿಲ್ಲ.

ಮಲೆನಾಡ ಮಳೆ
"ಫೋಟೋ ನೋಡಿದ್ದರೆ" ಅಂದಿರಿ. ಈಗ ತೆಗೆದು ನೋಡಿದೆ. ಫೋಟೋದಲ್ಲಿ ಆ ಮರ ನೆಟ್ಟಗೆ, ಕಂಬದ ಹಾಗೆ ನಿಂತಿದೆ. ಬಳುಕೇ ಇಲ್ಲ. ಗಾಳಿ ಬೀಸಿದ್ದು ನಾನು ಬಾಗಿಲಲ್ಲಿ ನಿಂತಾಗ. ಮರ ಸರಿ ಬಂದಿಲ್ಲ ಅನ್ನುವುದನ್ನು ಬೇಕಾದರೆ ಕೇಳುತ್ತೇನೆ. ಆದರೆ ಫೋಟೋ ಅದನ್ನು ಸರಿ ಮಾಡುತ್ತಿರಲಿಲ್ಲ ಮೇಷ್ಟ್ರೇ. ಬಾಗಿಲಲ್ಲಿ ಇನ್ನೂ ಹತ್ತು ನಿಮಿಷ ನಿಂತಿದ್ದರೆ ಸರಿಯಾಗುತ್ತಿತ್ತು.

ಮೈಸೂರು ವಿದ್ಯಾರ್ಥಿನಿ
ನಾನು ಚಿತ್ರಕಲೆ ಓದುತ್ತಿದ್ದೇನೆ. ಒಂದು ಮಾತು. ಬಂಗಾಳದ ಕಲಾವಿದ ಅವನೀಂದ್ರನಾಥ ಠಾಕೂರರು ಕಲ್ಕತ್ತೆಯಲ್ಲಿ ಪೇಸ್ಟಲ್ ಕಲಿತದ್ದು ಇಟಲಿಯ ಗಿಲಾರ್ಡಿ ಅನ್ನುವವರ ಹತ್ತಿರ. ಪಶ್ಚಿಮದ ರೀತಿಯನ್ನು ಚೆನ್ನಾಗಿ ಕಲಿತು, ಆಮೇಲೆ ಅದನ್ನು ಬಿಟ್ಟು ತಮ್ಮದೇ ದಾರಿ ಹಿಡಿದರು. ನಮ್ಮ ಕೆ. ವೆಂಕಟಪ್ಪನವರು ಅವರ ಶಿಷ್ಯರು. ವೆಂಕಟಪ್ಪನವರ ಊಟಿಯ ಮಂಜು ನೋಡಿದರೆ ಗುಡ್ಡ ಕರಗುತ್ತಿದೆ ಅನ್ನಿಸುತ್ತದೆ.

ಡ್ರಾಯಿಂಗ್ ಮೇಷ್ಟ್ರು
ಶಹಬ್ಬಾಸ್ ಮಗಳೇ. "ಚೆನ್ನಾಗಿ ಕಲಿತು." ಇದನ್ನೇ ಮೊದಲಿನಿಂದ ಹೇಳುತ್ತಿದ್ದೇನೆ.

ಗೆರೆಗಿಂತ ಬಣ್ಣ
"ಅದನ್ನು ಬಿಟ್ಟು" ಅಂತಲೂ ಬರೆದಿದ್ದಾರೆ ಸರ್. ಅದೂ ಅದೇ ಸಾಲಿನಲ್ಲಿದೆ.

ಪುಡಿ ಪ್ರೇಮಿ
ವೆಂಕಟಪ್ಪನವರ ಊಟಿ ಚಿತ್ರಗಳು ಜಲವರ್ಣ. ಪೇಸ್ಟಲ್ ಚರ್ಚೆಗೆ ಅವು ಬರುವುದಿಲ್ಲ.

ಮೈಸೂರು ವಿದ್ಯಾರ್ಥಿನಿ
ಜಲವರ್ಣ ಅಂತ ಗೊತ್ತು ಸರ್. ನಾನು ಹೇಳಿದ್ದು ನೋಡುವ ರೀತಿಯ ಬಗ್ಗೆ. ನಮ್ಮ ಕ್ಲಾಸಿನಲ್ಲೂ ಫೋಟೋ ನೋಡಿ ಮಾಡಿದ್ದಕ್ಕೇ ಜಾಸ್ತಿ ಅಂಕ ಬೀಳುತ್ತದೆ. ಅದಕ್ಕೇ ಈ ಚಿತ್ರ ನೋಡಿ ನನಗೆ ಅಳುವೇ ಬಂತು. ಮಳೆ ಅಕ್ಕಾ, ಆ ನೇರಳೆಯ ಕೆಳಗೆ ಯಾವ ಬಣ್ಣ ಹಾಕಿದ್ದೀರಿ?

ಮಲೆನಾಡ ಮಳೆ
ಏನೂ ಇಲ್ಲ ತಂಗಿ, ಕಾಗದದ ಕೆಮ್ಮಣ್ಣೇ. ಮೊದಲು ಬರೀ ಮೂರು ಕಡ್ಡಿಯಲ್ಲಿ ಕತ್ತಲು, ನಡುಬಣ್ಣ, ಬೆಳಕು ಅಂತ ಹಾಕಿಕೊಂಡೆ. ನೇರಳೆ ಮತ್ತು ಕಡು ಹಸಿರು ಒಂದೇ ಕತ್ತಲಿನವು, ಅದಕ್ಕೇ ಪಕ್ಕಪಕ್ಕ ಇಟ್ಟರೂ ನೆರಳು ಒಡೆಯಲಿಲ್ಲ. ಒತ್ತಿ ಎಳೆಯಬೇಡ. ಒತ್ತಿದರೆ ಕಾಗದದ ಒರಟೆಲ್ಲ ತುಂಬಿ, ಮೂರನೇ ಬಣ್ಣಕ್ಕೆ ಜಾಗ ಇರುವುದಿಲ್ಲ.

ಡ್ರಾಯಿಂಗ್ ಮೇಷ್ಟ್ರು
ಕತ್ತಲು, ನಡುಬಣ್ಣ, ಬೆಳಕು. ಇದು ಎಂಟನೇ ತರಗತಿಯಲ್ಲಿ ನಾನು ಕಲಿಸುವ ಪಾಠ. ಹೊಸದಲ್ಲ.

ಮಲೆನಾಡ ಮಳೆ
ನನಗೆ ಹೊಸದು ಮೇಷ್ಟ್ರೇ. ಫೋಟೋ ಇದ್ದಾಗ ಅದನ್ನು ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ.

ಚೌಕಟ್ಟಿನ ಅಂಗಡಿ
ಒತ್ತದೆ ಎಳೆದಿದ್ದರೆ ಪುಡಿ ಇನ್ನೂ ಸಡಿಲವಾಗಿ ಕೂತಿರುತ್ತದೆ. ಅದಕ್ಕೇ ಹೇಳುತ್ತಿದ್ದೇನೆ. ತೆಳುವಾಗಿ, ದೂರದಿಂದ, ಎರಡು ಸಲ.

ಪುಡಿ ಪ್ರೇಮಿ
ಒಂದು ಸಲವೂ ಬೇಡ. ಹಲಗೆಗೆ ಕಾಗದ ಒರಗಿಸಿ ಹಿಂದಿನಿಂದ ಮೆಲ್ಲಗೆ ತಟ್ಟಿ. ಉದುರುವುದು ಉದುರಲಿ, ಉಳಿದದ್ದು ಉಳಿಯುತ್ತದೆ. ಮೇಲೆ ಗ್ಲಾಸಿನ್ ಅನ್ನುವ ನುಣುಪು ಕಾಗದ ಹೊದಿಸಿ ಚಪ್ಪಟೆಯಾಗಿ ಇಡಿ.

ಚೌಕಟ್ಟಿನ ಅಂಗಡಿ
"ಉದುರುವುದು ಉದುರಲಿ" ಅನ್ನುವ ಮನಸ್ಸು ನನಗೆ ಬರುವುದಿಲ್ಲ. ಮೇಡಂ, ಅದೇ ಕಾಗದದ ತುಂಡಿನ ಮೇಲೆ ಅದೇ 14 ಕಡ್ಡಿಯ ಗೆರೆ ಎಳೆದು, ಅರ್ಧಕ್ಕೆ ಹೊಡೆದು, ಅರ್ಧಕ್ಕೆ ಹೊಡೆಯದೆ ಇಡಿ. ತೀರ್ಥಹಳ್ಳಿಯ ಮಳೆಗಾಲ ಪೂರ್ತಿ ಕಳೆಯಲಿ. ದೀಪಾವಳಿ ಹೊತ್ತಿಗೆ ಎರಡರ ಫೋಟೋ ಇಲ್ಲಿ ಹಾಕಿ.

ಪುಡಿ ಪ್ರೇಮಿ
ಹಾಕಲಿ. ಆದರೆ ಫೋಟೋ ಹಗಲು ಬೆಳಕಿನಲ್ಲಿ ತೆಗೆಯಬೇಕು. ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದನ್ನು ನಾನು ಒಪ್ಪುವುದಿಲ್ಲ.