ನಲವತ್ತೊಂದು ಬೇಡಿಕೆಗಳಲ್ಲಿ ಯಾವುದನ್ನು ಮೊದಲು ಇಡಬೇಕು? ಆಯವ್ಯಯದ ಪೂರ್ವಭಾವಿ ಸಭೆಗೆ ಸಲಹೆ ಬೇಕು

ಬಡಾವಣೆ ಸಂಘದ ಕಾರ್ಯದರ್ಶಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನ ಆಯವ್ಯಯದ ಪೂರ್ವಭಾವಿ ಸಭೆಗೆ ಬಂದು ಸಲಹೆ ನೀಡುವಂತೆ ನಗರಸಭೆಯಿಂದ ನಮ್ಮ ನಿವಾಸಿಗಳ ಸಂಘಕ್ಕೆ ಪತ್ರ ಬಂದಿದೆ. ಅದಕ್ಕೆ ಸಿದ್ಧವಾಗಲೆಂದು ಕಳೆದ ಭಾನುವಾರ ಸದಸ್ಯರೆಲ್ಲ ಒಬ್ಬರ ಮನೆಯ ಜಗಲಿಯಲ್ಲಿ ಕುಳಿತು ಬೇಡಿಕೆಗಳನ್ನು ಬರೆಯತೊಡಗಿದೆವು. ಎರಡನೆಯ ಸುತ್ತಿನ ಕಾಫಿ ಮುಗಿಯುವಷ್ಟರಲ್ಲಿ ಪಟ್ಟಿ ನಲವತ್ತೊಂದಕ್ಕೆ ಮುಟ್ಟಿತ್ತು. ಮಳೆನೀರಿನ ಚರಂಡಿ, ಬೀದಿನಾಯಿ, ಉದ್ಯಾನದ ಬೆಂಚು, ಮುಳ್ಳಯ್ಯನಗಿರಿಗೆ ಹೊರಟ ವಾಹನಗಳ ವಾರಾಂತ್ಯದ ದಟ್ಟಣೆ, ನೀರು ಬಿಡುವ ಸಮಯ, ಕಸದ ಗಾಡಿ, ಬೀದಿದೀಪ, ಇ-ಖಾತೆ, ಎಲ್ಲವೂ ಅದರಲ್ಲಿವೆ. ಬರೆಸಿದ ಪ್ರತಿಯೊಬ್ಬರಿಗೂ ತಮ್ಮದೇ ಮೊದಲ ಬೇಡಿಕೆ.

ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿದ್ದಾಗ ಇಂಥದೇ ಸಭೆಗೆ ಹೋಗಿದ್ದೆ. ಅಲ್ಲಿ ಪ್ರತಿಯೊಂದು ಸಂಘದವರೂ ಎದ್ದು ತಮ್ಮ ಪಟ್ಟಿಯನ್ನು ಓದಿದರು, ವೇದಿಕೆಯಿಂದ ಪ್ರತಿ ಬಾರಿಯೂ ‘ಪರಿಶೀಲಿಸಲಾಗುವುದು’ ಎಂಬ ಒಂದೇ ಮಾತು ಬಂತು, ಮಧ್ಯಾಹ್ನದ ಊಟಕ್ಕೆ ಮೊದಲೇ ಸಭೆ ಮುಗಿಯಿತು. ಹಾಗೆ ಆಗಬಾರದೆಂಬುದು ನನ್ನ ಆಸೆ. 35 ವಾರ್ಡುಗಳ, 2011ರ ಜನಗಣತಿಯಂತೆ ಸುಮಾರು 1.18 ಲಕ್ಷ ಜನಸಂಖ್ಯೆಯ ನಮ್ಮಂಥ ಸಣ್ಣ ಊರಿನ ನಗರಸಭೆಯು ನಿಜವಾಗಿ ಆದ್ಯತೆಗಳನ್ನು ಹೇಗೆ ಗೊತ್ತುಮಾಡುತ್ತದೆ, ಹೊರಗಿನವರಾದ ನಾವು ಎಲ್ಲಿ ಕೈಹಾಕಿದರೆ ಪ್ರಯೋಜನವಾದೀತು ಎಂಬುದನ್ನು ಒಳಗೆ ಕೆಲಸ ಮಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಲೆಕ್ಕ ಅಧೀಕ್ಷಕ

ಮಾನ್ಯ ಕಾರ್ಯದರ್ಶಿಗಳೇ, ಸ್ಥಳೀಯ ಸಂಸ್ಥೆಗಳ ಲೆಕ್ಕ ಶಾಖೆಯಲ್ಲಿ ಸೇವೆ ಮುಗಿಸಿದವನು ನಾನು. ತಮ್ಮ ಪಟ್ಟಿಯನ್ನು ಸದ್ಯಕ್ಕೆ ಮಡಚಿಡಿ. ಮೊದಲು ತಿಳಿಯಬೇಕಾದದ್ದು, ನಗರಸಭೆಯು ಸ್ವಂತ ವಿವೇಚನೆಯಿಂದ ಖರ್ಚು ಮಾಡಬಹುದಾದ ಹಣ ಎಷ್ಟು ಎಂಬುದು. ಆಯವ್ಯಯದ ಮುಖಪುಟದಲ್ಲಿ ಕಾಣುವ ಒಟ್ಟು ಮೊತ್ತವನ್ನು ನೋಡಿ ‘ಇಷ್ಟು ಕೋಟಿ ಇದ್ದೂ ನಮ್ಮ ಚರಂಡಿಗೆ ಹಣವಿಲ್ಲವೇ’ ಎಂದು ಕೇಳುವವರೇ ಹೆಚ್ಚು. ಆ ಮೊತ್ತದ ಬಹುಪಾಲು ಬರುವಾಗಲೇ ಹೆಸರು ಬರೆಸಿಕೊಂಡು ಬಂದಿರುತ್ತದೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ: ನಮ್ಮಂಥ ನಗರಗಳಿಗೆ ಅದರ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೇ ಮೀಸಲಾಗಿತ್ತು, ಉಳಿದ ಶೇ 40ಕ್ಕೆ ಮಾತ್ರ ಸ್ವಲ್ಪ ಸ್ವಾತಂತ್ರ್ಯವಿತ್ತು. ಸ್ವಂತ ನಿಧಿಯಲ್ಲಿಯೂ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎತ್ತಿಡಬೇಕು. ಇದನ್ನು ಕಡಿತವೆಂದು ಗೊಣಗುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಈ ಹಣವನ್ನು ವರ್ಷದ ಮೊದಲ ತಿಂಗಳುಗಳಲ್ಲಿಯೇ ಕೆಳಗಿನ ಕೇರಿಗಳ ಚರಂಡಿ ಮತ್ತು ನೀರಿನ ಸಂಪರ್ಕಕ್ಕೆ ಬಳಸಿದರೆ ಅರ್ಧ ನಗರದ ತೊಂದರೆ ಅಲ್ಲಿಯೇ ತೀರುತ್ತದೆ. ನಾನು ಕೆಲಸ ಮಾಡಿದ ಒಂದು ಪುರಸಭೆಯಲ್ಲಿ ಮಾರ್ಚ್ ಕೊನೆಯವರೆಗೆ ಆ ಲೆಕ್ಕಶೀರ್ಷಿಕೆಯನ್ನು (ಆ ಬಾಬ್ತಿಗೆಂದು ಎತ್ತಿಟ್ಟ ಹಣವನ್ನು) ಮುಟ್ಟದೆ ಕುಳಿತು, ಕಡೆಯ ವಾರದಲ್ಲಿ ಹೊಲಿಗೆ ಯಂತ್ರ ಕೊಂಡು ಖರ್ಚು ತೋರಿಸಿದ್ದನ್ನು ಕಂಡಿದ್ದೇನೆ. ಹೊಲಿಗೆ ಯಂತ್ರ ಪಡೆದವರ ಮನೆಯ ಮುಂದೆ ಕೊಳಚೆ ನೀರು ನಿಂತೇ ಇತ್ತು.

ಸಂಬಳ, ವಿದ್ಯುತ್ ಬಿಲ್ಲು, ಪೌರಕಾರ್ಮಿಕರ ವೇತನ ಕಳೆದ ಮೇಲೆ ಉಳಿಯುವ ಹಣ, ಅಂದರೆ ನಗರಸಭೆಯ ಕೈಯಲ್ಲಿರುವ ನಿಜವಾದ ಹಣ, ಸಾಮಾನ್ಯವಾಗಿ ಸಣ್ಣದು. ಆ ಸಣ್ಣ ಗಂಟನ್ನು ಏನು ಮಾಡುತ್ತಾರೆ? ವಾರ್ಡ್‌ವಾರು ಸಮಪಾಲು ಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಆದ್ಯತೆ ಎಂಬ ಮಾತು ಸಾಯುವುದು ಅಲ್ಲಿಯೇ. ಮೂವತ್ತೈದು ವಾರ್ಡಿಗೆ ಮೂವತ್ತೈದು ತುಂಡು ಚರಂಡಿ ಆಗುತ್ತದೆ. ಆ ಚರಂಡಿಗಳೆಲ್ಲ ಹೋಗಿ ಸೇರಬೇಕಾದ ದೊಡ್ಡ ಕಾಲುವೆ ಯಾವ ಒಂದು ವಾರ್ಡಿಗೂ ಸೇರದ ಕಾರಣ ಅದನ್ನು ಕೇಳುವವರಿರುವುದಿಲ್ಲ.

ಮಲೆನಾಡಿನ ಅಂಚಿನಲ್ಲಿರುವ ನಮಗೆ ಇನ್ನೊಂದು ತೊಡಕೂ ಇದೆ. ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. ಕ್ರಿಯಾಯೋಜನೆ, ಅದಕ್ಕೆ ಅನುಮೋದನೆ, ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಂದು ಕಡತವು ಮೇಜಿನಿಂದ ಮೇಜಿಗೆ ನಡೆದು ಬರುವಷ್ಟರಲ್ಲಿ ಜೂನ್ ಬಂದು ಮಳೆ ಹಿಡಿದಿರುತ್ತದೆ. ಮಳೆಯಲ್ಲಿ ಡಾಂಬರು ಹಾಕಲಾಗದು, ಚರಂಡಿ ಅಗೆಯಲಾಗದು. ಮಳೆ ಬಿಟ್ಟ ಮೇಲೆ ಅಕ್ಟೋಬರ್ ಕಳೆದು ಕೆಲಸ ಹಿಡಿದರೆ ಬಿಲ್ಲುಗಳೆಲ್ಲ ಮಾರ್ಚಿಗೆ ಬಂದು ಬೀಳುತ್ತವೆ. ಆದ್ದರಿಂದ ಮುಂದಿನ ಮಳೆಗಾಲಕ್ಕೆ ಬೇಕಾದ ಚರಂಡಿಯ ಅಂದಾಜುಪಟ್ಟಿ ಈ ಜನವರಿಯಲ್ಲಿಯೇ ಸಿದ್ಧವಾಗಬೇಕು. ತಾವು ಸಭೆಯಲ್ಲಿ ‘ಚರಂಡಿ ಮಾಡಿ’ ಎನ್ನುವ ಬದಲು ‘ಅಂದಾಜುಪಟ್ಟಿ ಯಾವ ತಿಂಗಳಿಗೆ ಸಿದ್ಧವಾಗುತ್ತದೆ’ ಎಂದು ಕೇಳಿ. ಉತ್ತರ ಹೇಳಬೇಕಾದ ಅಧಿಕಾರಿ ಅಲ್ಲಿಯೇ ಕುಳಿತಿರುತ್ತಾರೆ.

ಮಾಜಿ ಸದಸ್ಯೆ

ಲೆಕ್ಕ ಅಧೀಕ್ಷಕರ ಮಾತುಗಳನ್ನು ಗೌರವಿಸುತ್ತಲೇ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯ ಹೇಳಬಯಸುತ್ತೇನೆ. ವಾರ್ಡ್‌ವಾರು ಸಮಪಾಲನ್ನು ಅವರು ದೂರಿದ್ದಾರೆ. ಮೊದಲ ಬಾರಿಗೆ ಆಯ್ಕೆಯಾದ, ಯಾವ ಗುಂಪಿಗೂ ಸೇರದ, ಊರಂಚಿನ ವಾರ್ಡಿನ ಸದಸ್ಯೆಗೆ ಆ ಸಮಪಾಲೇ ಏಕೈಕ ರಕ್ಷಣೆ. ಅದಿಲ್ಲದಿದ್ದರೆ ಅಧ್ಯಕ್ಷರ ವಾರ್ಡಿನಲ್ಲಿ ಕಾಂಕ್ರೀಟಿನ ಮೇಲೆ ಕಾಂಕ್ರೀಟು ಬೀಳುತ್ತದೆ, ಉಳಿದವರು ಅರ್ಜಿ ಹಿಡಿದು ನಿಲ್ಲುತ್ತಾರೆ. ಅಧ್ಯಕ್ಷರ ಅವಧಿ 30 ತಿಂಗಳು. ಬರುವ ಪ್ರತಿಯೊಬ್ಬರಿಗೂ ತಮ್ಮ ಹೆಸರಿನ ಫಲಕ ಬೇಕು. ಸಮಪಾಲನ್ನು ಪೂರ್ತಿ ತೆಗೆಯುವ ಬದಲು ನಿರ್ಬಂಧವಿಲ್ಲದ ಹಣದ ಅರ್ಧವನ್ನು ವಾರ್ಡುಗಳಿಗೂ ಇನ್ನರ್ಧವನ್ನು ಇಡೀ ನಗರಕ್ಕೆ ಸೇರಿದ ಎರಡೋ ಮೂರೋ ಕೆಲಸಗಳಿಗೂ ಇಡುವಂತೆ ಕೇಳುವುದು ನಡೆಯಬಹುದಾದ ದಾರಿ. ಎಲ್ಲ ಸದಸ್ಯರಿಗೂ ತಮ್ಮ ವಾರ್ಡಿನಲ್ಲಿ ತೋರಿಸಲು ಏನಾದರೂ ಇದ್ದರೆ ಮಾತ್ರ ದೊಡ್ಡ ಕಾಲುವೆಗೆ ಕೈ ಎತ್ತುತ್ತಾರೆ. ಇದು ಆದರ್ಶವಲ್ಲ, ಆದರೆ ಸಭೆ ನಡೆಯುವುದು ಹೀಗೆ.

ಇನ್ನು ಸಭೆಯ ಕಾರ್ಯವಿಧಾನದ ಬಗ್ಗೆ. ನಾನು ಸದಸ್ಯೆಯಾಗಿದ್ದ ಸಭೆಯಲ್ಲಿ (ಊರಿನ ಹೆಸರು ಬೇಡ) ಕಾರ್ಯಸೂಚಿಯ ಮೊದಲ ವಿಷಯ ಹಿಂದಿನ ಸಭೆಯ ನಡಾವಳಿ ಸ್ಥಿರೀಕರಣ, ಎರಡನೆಯದು ಮಾಹೆಯ ಜಮಾ-ಖರ್ಚು. ಎರಡೂ ‘ಓದಿದಂತೆ ಭಾವಿಸಲಾಯಿತು’ ಎಂದು ಎರಡು ನಿಮಿಷದಲ್ಲಿ ಮುಗಿಯುತ್ತಿದ್ದವು. ಆಮೇಲೆ ಒಬ್ಬರ ಮೇಲೊಬ್ಬರು ಎದ್ದು ಮಾತನಾಡಿ ಮಧ್ಯಾಹ್ನವಾಗುತ್ತಿತ್ತು. ಮುಖ್ಯ ತೀರ್ಮಾನಗಳು ಮಾತ್ರ ಕಡೆಯ ಸಾಲಿನಲ್ಲಿರುವ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’ ಎಂಬಲ್ಲಿ, ಅರ್ಧ ಜನ ಎದ್ದು ಹೋದ ಮೇಲೆ, ಅಂಗೀಕಾರವಾಗುತ್ತಿದ್ದವು. ಖರ್ಚಾಗಿಯೇ ಹೋಗಿದ್ದ ಹಣಕ್ಕೆ ಘಟನೋತ್ತರ ಮಂಜೂರಾತಿ ಕೇಳುವ ವಿಷಯಗಳೂ ಅಲ್ಲಿಯೇ ಬರುತ್ತಿದ್ದವು. ನಾವು ಮೂವರು ಸದಸ್ಯೆಯರು ಸೇರಿ ಒಂದೇ ಒಂದು ಬದಲಾವಣೆ ಕೇಳಿದೆವು: ಹಿಂದಿನ ಸಭೆಯ ಪ್ರತಿಯೊಂದು ನಿರ್ಣಯದ ಎದುರಿಗೂ ಜವಾಬ್ದಾರಿ ಯಾವ ಅಧಿಕಾರಿಯದು, ಹಣ ಯಾವ ಲೆಕ್ಕಶೀರ್ಷಿಕೆಯದು, ಈಗ ಕಡತ ಎಲ್ಲಿದೆ ಎಂಬ ಮೂರು ಅಂಕಣಗಳ ಅನುಪಾಲನಾ ವರದಿಯನ್ನು ಕಾರ್ಯಸೂಚಿಯ ಜೊತೆಗೇ ಕಳುಹಿಸಬೇಕು ಎಂದು. ಮೊದಲ ತಿಂಗಳು ಬಂದ ವರದಿಯಲ್ಲಿ ಕೊನೆಯ ಅಂಕಣದ ಉದ್ದಕ್ಕೂ ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದಿತ್ತು. ಎರಡನೆಯ ತಿಂಗಳೂ ಅದೇ ಇತ್ತು. ಮೂರನೆಯ ತಿಂಗಳು ‘ಯಾವ ದಿನಾಂಕದಿಂದ ಕೈಗೊಳ್ಳಲಾಗುತ್ತಿದೆ’ ಎಂದು ಕೇಳಿದೆವು. ಅಲ್ಲಿಂದ ಮುಂದೆ ಉತ್ತರಗಳ ಧಾಟಿ ಬದಲಾಯಿತು, ಅಷ್ಟೇಕೆ, ಸಭೆಗೆ ಬರುವ ಹೊಸ ವಿಷಯಗಳ ಸಂಖ್ಯೆಯೇ ಇಳಿಯಿತು. ಮಾಡಲಾಗದ್ದನ್ನು ನಿರ್ಣಯಿಸಿದರೆ ಅದು ಪ್ರತಿ ತಿಂಗಳೂ ತಮ್ಮ ಮುಂದೆ ಬಂದು ನಿಲ್ಲುತ್ತದೆ ಎಂದು ಅಧಿಕಾರಿಗಳಿಗೂ ಸದಸ್ಯರಿಗೂ ಗೊತ್ತಾಗಿತ್ತು.

ತಮ್ಮ ಸಂಘ ಒಂದನ್ನೇ ಕೇಳುವುದಾದರೆ ಈ ವರದಿಯನ್ನು ಕೇಳಲಿ, ಅದನ್ನು ಸೂಚನಾ ಫಲಕದಲ್ಲಿಯೂ ಹಾಕಲೆಂದು ಕೇಳಲಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದ ಅರ್ಜಿ ಸಾಕು. 30 ದಿನಗಳೊಳಗೆ ಉತ್ತರ ಕೊಡಬೇಕು.

ನೀರು ಸರಬರಾಜು ವಿಭಾಗದ ಕಿರಿಯ ಅಭಿಯಂತರ, ಹಾಸನ

ಹಿರಿಯರಿಬ್ಬರೂ ಹಣ ಮತ್ತು ಸಭೆಯ ಬಗ್ಗೆ ಹೇಳಿದ್ದಾರೆ. ನಾನು ಕೊಳವೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಚಿಕ್ಕಮಗಳೂರಿಗೆ ಹಿರೇಕೊಳಲೆ ಕೆರೆಯ ನೀರೂ ಬೇಲೂರಿನ ಯಗಚಿ ಜಲಾಶಯದ ನೀರೂ ಬರುತ್ತವೆ. ಬೇಲೂರಿಗಿಂತ ಚಿಕ್ಕಮಗಳೂರು ಎತ್ತರದಲ್ಲಿರುವುದರಿಂದ ಯಗಚಿಯ ಪ್ರತಿಯೊಂದು ಹನಿಯನ್ನೂ ವಿದ್ಯುತ್ ಸುಟ್ಟು ಮೇಲೆತ್ತಿ ತರಬೇಕು. ಹಾಗೆ ತಂದ ನೀರು ಒಡೆದ ಕೊಳವೆಯ ಸಂದಿನಲ್ಲಿ ಸೋರಿದರೆ ನೀರಿನ ಜೊತೆಗೆ ಪಂಪಿನ ಬಿಲ್ಲೂ ಚರಂಡಿಗೆ ಹರಿಯುತ್ತದೆ. ಯಾವ ನಗರದಲ್ಲಿಯೂ ‘ನೀರು ಸಾಲದು, ಹೊಸ ಯೋಜನೆ ಬೇಕು’ ಎನ್ನುವುದು ಸುಲಭ, ಏಕೆಂದರೆ ಹೊಸ ಯೋಜನೆಗೆ ಶಂಕುಸ್ಥಾಪನೆ ಇರುತ್ತದೆ. ಸೋರಿಕೆ ತಡೆಗೆ ಯಾರೂ ಟೇಪು ಕತ್ತರಿಸುವುದಿಲ್ಲ.

ಇದನ್ನು ಮನಗಾಣಲು ದೊಡ್ಡ ಅಧ್ಯಯನವೇನೂ ಬೇಕಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಬ್ಬ ಹಿರಿಯ ವಾಲ್‌ಮನ್ ತಮ್ಮ ಅಂಗಿ ಜೇಬಿನಲ್ಲಿ ಎರಡು ರಬ್ಬರ್ ಬ್ಯಾಂಡ್ ಹಾಕಿದ ಸಣ್ಣ ಡೈರಿಯೊಂದನ್ನು ಇಟ್ಟುಕೊಂಡಿರುತ್ತಿದ್ದರು. ಯಾವ ಬೀದಿಗೆ ಎಷ್ಟು ಹೊತ್ತಿಗೆ ವಾಲ್ವ್ ತಿರುಗಿಸಿದೆ, ಎಷ್ಟು ಸುತ್ತು, ಕೊನೆಯ ಮನೆಗೆ ನೀರು ಮುಟ್ಟಲು ಎಷ್ಟು ನಿಮಿಷ ಬೇಕಾಯಿತು ಎಂದು ಪೆನ್ಸಿಲಿನಲ್ಲಿ ಬರೆದಿರುತ್ತಿದ್ದರು. ಒಂದು ಬೀದಿಯಲ್ಲಿ ಇಪ್ಪತ್ತು ನಿಮಿಷ ಇದ್ದದ್ದು ಎರಡು ತಿಂಗಳಲ್ಲಿ ಮೂವತ್ತೈದಾಗಿತ್ತು. ಅಗೆದು ನೋಡಿದರೆ ಹೂವಿನ ಅಂಗಡಿಯೊಂದರ ಮುಂದೆ, ಯಾರಿಗೂ ಕಾಣದಂತೆ, ಕೊಳವೆಯ ಜೋಡಣೆ ಬಿಟ್ಟುಕೊಂಡಿತ್ತು. ಕಚೇರಿಯ ಗಣಕಯಂತ್ರದಲ್ಲಿ ಇಲ್ಲದ ಮಾಹಿತಿ ಆ ಡೈರಿಯಲ್ಲಿತ್ತು. ಅವರು ನಿವೃತ್ತರಾದ ದಿನ ಅದೂ ಅವರ ಮನೆಗೆ ಹೋಯಿತು. ಪ್ರತಿ ವಲಯಕ್ಕೂ ಇಂಥ ಒಂದು ವಹಿ ಇರಬೇಕು, ಅದನ್ನು ತಿಂಗಳಿಗೊಮ್ಮೆ ಅಭಿಯಂತರರು ನೋಡಿ ಸಹಿ ಹಾಕಬೇಕು ಎಂದು ತಾವು ಕೇಳಿದರೆ ಅದಕ್ಕೆ ತಗಲುವ ಖರ್ಚು ಒಂದು ನೋಟ್‌ಬುಕ್ಕಿನದು.

ಕಸದ ವಿಷಯದಲ್ಲಿಯೂ ಇದೇ ನ್ಯಾಯ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ತಮ್ಮ ಬಡಾವಣೆ ಎರಡನ್ನೂ ಬೆರೆಸಿ ಕೊಡುತ್ತಿದ್ದರೆ ಇಂದಾವರದ ಕಸದ ಘಟಕದಲ್ಲಿ ಎಷ್ಟು ಯಂತ್ರ ಹಾಕಿದರೂ ಅದು ಗುಡ್ಡೆಯಾಗಿಯೇ ಉಳಿಯುತ್ತದೆ. ಕೇಳುವ ಮೊದಲು ತಮ್ಮ ಬೀದಿಯ ಬಕೆಟ್ಟುಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಇದನ್ನು ಆಕ್ಷೇಪಣೆಯೆಂದು ಭಾವಿಸಬಾರದು.

ಬಡಾವಣೆ ಸಂಘದ ಕಾರ್ಯದರ್ಶಿ, ಚಿಕ್ಕಮಗಳೂರು

ಮೂವರಿಗೂ ಧನ್ಯವಾದಗಳು. ಬಕೆಟ್ಟಿನ ಮಾತು ಸರಿಯಾಗಿಯೇ ತಗುಲಿತು. ಬೆಳಿಗ್ಗೆ ನೋಡಿದೆ, ನಮ್ಮ ಬೀದಿಯ ಹನ್ನೆರಡು ಮನೆಗಳಲ್ಲಿ ಐದು ಮನೆಯವರು ಮಾತ್ರ ಬೇರೆ ಮಾಡಿಟ್ಟಿದ್ದರು, ಆ ಐದರಲ್ಲಿ ನನ್ನ ಮನೆ ಇರಲಿಲ್ಲ. ನಿನ್ನೆ ರಾತ್ರಿ ಸಂಘದವರು ಮತ್ತೆ ಸೇರಿ ನಲವತ್ತೊಂದನ್ನು ಮೂರಕ್ಕೆ ಇಳಿಸಿದ್ದೇವೆ: ಮುಖ್ಯ ಕಾಲುವೆಯ ಅಂದಾಜುಪಟ್ಟಿ ಜನವರಿಯೊಳಗೆ, ಪ್ರತಿ ವಲಯಕ್ಕೆ ನೀರಿನ ವಹಿ, ಮತ್ತು ಅನುಪಾಲನಾ ವರದಿ. ಉದ್ಯಾನದ ಬೆಂಚು ಕೇಳಿದ್ದ ಹಿರಿಯರೊಬ್ಬರು ಬೇಸರದಿಂದ ಎದ್ದು ಹೋದರು, ಅವರನ್ನು ಸಮಾಧಾನಪಡಿಸಬೇಕಿದೆ. ಒಂದು ಸಂದೇಹ: ಹಣವೇ ಕಡಿಮೆಯೆಂದರೆ ಆದಾಯ ಹೆಚ್ಚಿಸುವ ಬಗ್ಗೆಯೂ ನಾವು ಏನಾದರೂ ಹೇಳಬೇಕೇ, ಅಥವಾ ಅದು ತೆರಿಗೆ ಹೆಚ್ಚಿಸಿ ಎಂದು ನಾವೇ ಕೇಳಿದಂತಾಗುತ್ತದೆಯೇ?

ನಿವೃತ್ತ ಲೆಕ್ಕ ಅಧೀಕ್ಷಕ

ದರ ಹೆಚ್ಚಿಸಿ ಎನ್ನಬೇಕಾಗಿಲ್ಲ, ತೆರಿಗೆ ವಹಿಗೆ ಬಾರದ ಆಸ್ತಿಗಳನ್ನು ತನ್ನಿ ಎನ್ನಿ. 2025ರ ಫೆಬ್ರವರಿಯಲ್ಲಿ ಸರ್ಕಾರ ಬಿ-ಖಾತೆ ಅಭಿಯಾನ ಆರಂಭಿಸಿದ್ದೇ ಅನಧಿಕೃತ ಬಡಾವಣೆಗಳ ಆಸ್ತಿಗಳನ್ನು ತೆರಿಗೆ ವ್ಯಾಪ್ತಿಗೆ ತರಲು. ತಮ್ಮ ಸಂಘದ ಕಡೆಯಿಂದಲೂ ಒಂದು ಕೆಲಸವಾಗಬಹುದು. ಏಪ್ರಿಲ್‌ನಲ್ಲಿ ಪೂರ್ತಿ ವರ್ಷದ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಇದೆ, ತಡಮಾಡಿದರೆ ತಿಂಗಳಿಗೆ ಶೇ 2 ದಂಡ. ಎಲ್ಲ ಮನೆಯವರೂ ಏಪ್ರಿಲ್‌ನಲ್ಲಿಯೇ ಕಟ್ಟಿದರೆ ವರ್ಷದ ಆರಂಭದಲ್ಲಿಯೇ ಸಂಸ್ಥೆಯ ಖಾತೆಯಲ್ಲಿ ಹಣವಿರುತ್ತದೆ. ಗುತ್ತಿಗೆದಾರರ ಬಿಲ್ಲು ಬಾಕಿ ಉಳಿದ ಊರಿನಲ್ಲಿ ಟೆಂಡರ್ ಹಾಕುವವರೂ ಕಡಿಮೆ, ಹಾಕಿದವರ ದರವೂ ಹೆಚ್ಚು.

ಮಾಜಿ ಸದಸ್ಯೆಯವರ ಅರ್ಧ-ಅರ್ಧದ ಸೂಚನೆಯನ್ನು ನಾನು ಒಪ್ಪುತ್ತೇನೆ. ನಾನು ಹೇಳಿದ್ದು ಲೆಕ್ಕಿಗನ ಮಾತು, ಅವರದು ಮತ ಎಣಿಸಿ ಬಲ್ಲವರ ಮಾತು. ಕೊನೆಯದಾಗಿ, ಮೂರು ಬೇಡಿಕೆಗಳನ್ನು ಒಂದೇ ಹಾಳೆಯಲ್ಲಿ, ಪೌರಾಯುಕ್ತರ ಹೆಸರಿಗೆ, ಎರಡು ಪ್ರತಿ ಬರೆಯಿರಿ. ಸಭೆಯಲ್ಲಿ ಕೈಗೆ ಕೊಟ್ಟು ಬರಬೇಡಿ. ಹಿಂದಿನ ದಿನವೇ ಟಪಾಲು ಶಾಖೆಯಲ್ಲಿ ಕೊಟ್ಟು, ತಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡು, ಮಾತನಾಡುವಾಗ ಆ ಸಂಖ್ಯೆಯನ್ನು ಓದಿ ಹೇಳಿ.